ಕರ್ಸರ್ ನಿಂತಾಗ ಯಾರನ್ನು ಕರೆಯಬೇಕು?

ತರಗತಿಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಿದೆ. ಪರದೆ ಬೆಳಗಿದೆ, ಪ್ರೊಜೆಕ್ಟರ್ ಗೋಡೆಯ ಮೇಲೆ ಚಿತ್ರ ಮೂಡಿಸಿದೆ, ಪಾಠದ ಫೈಲ್ ಕಣ್ಣೆದುರಿಗೇ ಇದೆ. ಆದರೆ ಟೀಚರ್ ಎಷ್ಟು ಬೆರಳು ಆಡಿಸಿದರೂ ಕರ್ಸರ್ ಅಲ್ಲಾಡುವುದಿಲ್ಲ. ಮಕ್ಕಳು ಗೋಡೆ ನೋಡುತ್ತ ಕೂತಿದ್ದಾರೆ, ಪೀರಿಯಡ್ ಕರಗುತ್ತಿದೆ. ಮೇಜಿನ ಖಾನೆಯಲ್ಲಿ ಮೌಸ್ ಇದ್ದರೆ ಬಚಾವು. ಇಲ್ಲದಿದ್ದರೆ ಆ ದಿನದ ಪಾಠ ಮತ್ತೆ ಕಪ್ಪುಹಲಗೆಗೇ ಮರಳುತ್ತದೆ.

ಟಚ್‌ಪ್ಯಾಡ್ ಕೆಡುವುದು ಸಣ್ಣ ತೊಂದರೆ. ಕಂಪ್ಯೂಟರಿನ ಚರಿತ್ರೆ ಬರೆಯುವವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಸರ್ಕಾರವೊಂದು ಸಾವಿರಾರು ಶಾಲೆಗಳಿಗೆ ಲ್ಯಾಪ್‌ಟಾಪ್ ಹಂಚಿದಾಗ ಈ ಸಣ್ಣ ತೊಂದರೆಯೇ ದೊಡ್ಡ ಪ್ರಶ್ನೆಯಾಗುತ್ತದೆ. ಅದನ್ನು ಸರಿಪಡಿಸುವ ತಿಳಿವಳಿಕೆ ಯಾರ ಕೈಯಲ್ಲಿರಬೇಕು? ಮಾರಿದ ಕಂಪನಿಯ ಕೈಯಲ್ಲೋ, ಬಳಸುವ ಮೇಷ್ಟರ ಕೈಯಲ್ಲೋ? ಕೇರಳ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ತಿರುವನಂತಪುರದಲ್ಲಿ ರೂಪುಗೊಂಡಿತು. ಕೊಚ್ಚಿಯಂಥ ಊರುಗಳ ತರಬೇತಿ ಕೇಂದ್ರಗಳನ್ನು ಹಾದು ಕಾಸರಗೋಡಿನ ಕನ್ನಡ ಶಾಲೆಗಳನ್ನೂ ಮುಟ್ಟಿತು. ಅದರ ಆರಂಭದಲ್ಲಿ ಒಬ್ಬ ಕನ್ನಡಿಗರೂ ಇದ್ದಾರೆ.

ಬೆರಳು, ಚಿಪ್ ಮತ್ತು ದುಬಾಷಿ

ಮೊದಲು ಯಂತ್ರದ ವಿಷಯ. ಟಚ್‌ಪ್ಯಾಡಿನ ನುಣುಪಾದ ಮೈಯ ಕೆಳಗೆ ಅಡ್ಡಕ್ಕೂ ಉದ್ದಕ್ಕೂ ಹಾಯ್ದ ತೆಳು ಲೋಹದ ಗೆರೆಗಳ ಜಾಲರಿ ಇದೆ. ಬೆರಳು ಹತ್ತಿರ ಬಂದಾಗ ಆ ಜಾಗದ ಕೆಪಾಸಿಟೆನ್ಸ್, ಅಂದರೆ ವಿದ್ಯುದಂಶವನ್ನು ಹಿಡಿದಿಡುವ ಗುಣ, ತುಸು ಬದಲಾಗುತ್ತದೆ. ಪುಟ್ಟ ಚಿಪ್ಪೊಂದು ಅದನ್ನು ಅಳೆದು ಬೆರಳು ಎಲ್ಲಿದೆ, ಯಾವ ಕಡೆಗೆ ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಅಮೆರಿಕದ ಜಾರ್ಜ್ ಗೆರ್ಫೈಡ್ ರೂಪಿಸಿದ ಈ ತಂತ್ರವನ್ನು ಆಪಲ್ ಕಂಪನಿ 1994ರಲ್ಲಿ ತನ್ನ ಪವರ್‌ಬುಕ್ 500 ಸರಣಿಯಲ್ಲಿ ಬಳಸಿತು. ಹಿಂದೆಯೇ ಸಿನಾಪ್ಟಿಕ್ಸ್ ಎಂಬ ಕಂಪನಿ ಈ ಮಾರುಕಟ್ಟೆಗೆ ಬಂತು. ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ ವಿನ್ಯಾಸಗೊಳಿಸಿದವರಲ್ಲಿ ಒಬ್ಬರಾದ ಫೆಡೆರಿಕೊ ಫಾಜಿನ್ 1986ರಲ್ಲಿ ಕಾರ್ವರ್ ಮೀಡ್ ಜೊತೆ ಸೇರಿ ಕಟ್ಟಿದ ಕಂಪನಿ ಅದು.

ಚಿಪ್ ಲೆಕ್ಕ ಹಾಕಿದರಷ್ಟೇ ಸಾಲದು, ಅದನ್ನು ಕಂಪ್ಯೂಟರಿಗೆ ಹೇಳಬೇಕು. ಹೇಳಿದ್ದನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಅರ್ಥ ಮಾಡಿಸುವ ದುಬಾಷಿಯೇ ಡ್ರೈವರ್. ಟಚ್‌ಪ್ಯಾಡ್ ಹುಟ್ಟಿದಾಗ ಅದಕ್ಕೆ ತನ್ನದೇ ಆದ ಭಾಷೆ ಇರಲಿಲ್ಲ. ಐಬಿಎಂ 1987ರಲ್ಲಿ ತಂದ ಪಿಎಸ್/2 ಮೌಸಿನ ಭಾಷೆಯನ್ನೇ ಅದು ಎರವಲು ಪಡೆಯಿತು. ದುಬಾಷಿ ಇಲ್ಲದ ಕಡೆ ಅದು ತಾನೊಂದು ಸಾಧಾರಣ ಮೌಸ್ ಎಂದು ನಟಿಸುತ್ತಿತ್ತು. ಆಗ ಕರ್ಸರ್ ಓಡುತ್ತದೆ, ಕ್ಲಿಕ್ ಆಗುತ್ತದೆ. ಆದರೆ ಎರಡು ಬೆರಳಿನಲ್ಲಿ ಪುಟ ಸರಿಸಲು ಬರುವುದಿಲ್ಲ. ಟೈಪು ಮಾಡುವಾಗ ಅಂಗೈ ತಗುಲಿದರೂ ಅದನ್ನು ಬೆರಳೆಂದೇ ತಿಳಿದು ಕರ್ಸರ್ ಎಲ್ಲಿಗೋ ಹಾರುತ್ತದೆ. ಈ ಹೆಚ್ಚುವರಿ ಜಾಣತನಕ್ಕೆ ಪ್ರತಿ ಕಂಪನಿಗೂ ಅದರದೇ ಗುಟ್ಟಿನ ಭಾಷೆ ಇತ್ತು. ವಿಂಡೋಸಿಗೆ ಬೇಕಾದ ಡ್ರೈವರನ್ನು ಕಂಪನಿಗಳೇ ಬರೆದುಕೊಡುತ್ತಿದ್ದವು. ಲಿನಕ್ಸ್ ಬಳಸುವವರಿಗೆ ಆ ಅನುಕೂಲ ಇರಲಿಲ್ಲ.

ತಿರುವನಂತಪುರ, 2001

ಕೇರಳದ ಶಾಲೆಗಳು ಲಿನಕ್ಸ್ ಹಿಡಿದದ್ದು ಹೇಗೆ ಎಂದು ತಿಳಿಯಲು 2001ಕ್ಕೆ ಹೋಗಬೇಕು. ಆ ವರ್ಷ ಅಲ್ಲಿ ಎರಡು ಘಟನೆಗಳು ನಡೆದವು. ಜುಲೈ 20ರಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಭಾರತೀಯ ಶಾಖೆ ತಿರುವನಂತಪುರದಲ್ಲಿ ಶುರುವಾಯಿತು. ಉದ್ಘಾಟನೆಗೆ ರಿಚರ್ಡ್ ಸ್ಟಾಲ್ಮನ್ ಬಂದಿದ್ದರು. ಇನ್ನೊಂದು ಘಟನೆಗೆ ಅಷ್ಟು ಸದ್ದಿರಲಿಲ್ಲ. ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತರುವುದು ಹೇಗೆಂದು ಸೂಚಿಸಲು ರಾಜ್ಯ ಸರ್ಕಾರ ಕಾರ್ಯಪಡೆಯೊಂದನ್ನು ಮಾಡಿತ್ತು. ಅದರ ಮುಖ್ಯಸ್ಥರು ಇಸ್ರೋದ ಮಾಜಿ ಅಧ್ಯಕ್ಷರೂ ಉಡುಪಿ ಬಳಿಯ ಅದಮಾರಿನವರೂ ಆದ ಪ್ರೊ. ಯು.ಆರ್. ರಾವ್. ಅವರ ವರದಿಯ ಆಧಾರದ ಮೇಲೆ 2001ರಲ್ಲೇ ‘ಐಟಿ@ಸ್ಕೂಲ್’ ಯೋಜನೆ ಹುಟ್ಟಿತು.

ಈ ಎರಡು ಹೊಳೆಗಳು ಕೂಡಿದ್ದು ಜಗಳದ ಮೂಲಕ. ಯೋಜನೆಯ ಮೊದಲ ಪಠ್ಯಪುಸ್ತಕಗಳು ಮೈಕ್ರೋಸಾಫ್ಟಿನ ಸಾಫ್ಟ್‌ವೇರನ್ನೇ ನೆಚ್ಚಿದ್ದವು. ಮಕ್ಕಳಿಗೆ ಕಲಿಸಬೇಕಾದ್ದು ಕಂಪ್ಯೂಟರನ್ನೋ ಒಂದು ಕಂಪನಿಯ ಸರಕನ್ನೋ ಎಂದು ಉಪಾಧ್ಯಾಯರ ಸಂಘಟನೆ ಕೇರಳ ಸ್ಕೂಲ್ ಟೀಚರ್ಸ್ ಅಸೋಸಿಯೇಶನ್ ತಕರಾರು ಎತ್ತಿತು. ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಮೇಷ್ಟರುಗಳ ಜೊತೆ ನಿಂತರು. 2005ರಲ್ಲಿ ಐಟಿ ಎಸೆಸೆಲ್ಸಿಯ ಕಡ್ಡಾಯ ವಿಷಯವಾಯಿತು. 2006ರಲ್ಲಿ ವಿ.ಎಸ್. ಅಚ್ಯುತಾನಂದನ್ ಮುಖ್ಯಮಂತ್ರಿಯಾದ ಮೇಲೆ ಸರ್ಕಾರದ ಒಲವು ಸ್ಪಷ್ಟವಾಯಿತು, 2007ರ ಐಟಿ ನೀತಿ ಅದನ್ನು ಬರಹಕ್ಕಿಳಿಸಿತು. ಪ್ರೌಢಶಾಲೆಗಳ ಐಟಿ ಕಲಿಕೆ ಪೂರ್ತಿ ಲಿನಕ್ಸಿಗೆ ಸರಿಯಿತು. ಐಟಿ@ಸ್ಕೂಲ್ ಮೊದಲು ಡೆಬಿಯನ್, ಆಮೇಲೆ ಉಬುಂಟು ಆಧರಿಸಿ ತನ್ನದೇ ಆವೃತ್ತಿಯನ್ನು ಸಿದ್ಧಪಡಿಸಿತು.

ಕೊಚ್ಚಿಯಲ್ಲೂ ವಾದ ನಡೆಯಿತು. 2008ರ ನವೆಂಬರಿನಲ್ಲಿ ಕಳಮಶ್ಶೇರಿಯ ಕೊಚ್ಚಿನ್ ವಿಶ್ವವಿದ್ಯಾಲಯದಲ್ಲಿ ಸ್ವತಂತ್ರ ತಂತ್ರಾಂಶದ ರಾಷ್ಟ್ರೀಯ ಸಮ್ಮೇಳನ ಸೇರಿದಾಗ, ಎರಡು ವರ್ಷದ ಹಿಂದೆ ಮೈಕ್ರೋಸಾಫ್ಟ್ ಜೊತೆ ಪೇಟೆಂಟ್ ಒಪ್ಪಂದ ಮಾಡಿಕೊಂಡಿದ್ದ ನೊವೆಲ್ ಕಂಪನಿಯ ಪ್ರಾಯೋಜಕತ್ವವನ್ನು ಕಾರ್ಯಕರ್ತರು ಅಲ್ಲೇ ಪ್ರತಿಭಟಿಸಿದರು. ಯಂತ್ರದ ಕೀಲಿ ಯಾರ ಬಳಿ ಇರಬೇಕು ಎಂಬುದೇ ಎಲ್ಲ ವಾದಗಳ ತಿರುಳಾಗಿತ್ತು.

ಗುಟ್ಟಿನ ಭಾಷೆಯನ್ನು ಒಡೆದವರು

ಮೊದಮೊದಲು ಶಾಲೆಗಳಿಗೆ ಬಂದದ್ದು ಡೆಸ್ಕ್‌ಟಾಪುಗಳು. ಅವಕ್ಕೆ ಮೌಸ್ ಇರುತ್ತಿತ್ತು, ಟಚ್‌ಪ್ಯಾಡಿನ ಗೊಡವೆ ಇರಲಿಲ್ಲ. 2010ರ ಆಸುಪಾಸಿನಲ್ಲಿ ಲ್ಯಾಪ್‌ಟಾಪುಗಳೂ ನೆಟ್‌ಬುಕ್ಕುಗಳೂ ಬರತೊಡಗಿದಾಗ ಹೊಸ ತಲೆನೋವು ಶುರುವಾಯಿತು. ಆದರೆ ಅಷ್ಟರೊಳಗೆ ಜಗತ್ತಿನ ಬೇರೆ ಮೂಲೆಗಳಲ್ಲಿ ಕೆಲಸ ಸಾಗಿತ್ತು. ಸಿನಾಪ್ಟಿಕ್ಸ್ ತನ್ನ ಟಚ್‌ಪ್ಯಾಡಿನ ಭಾಷೆಯ ಕೈಪಿಡಿಯನ್ನು ಪ್ರಕಟಿಸಿತ್ತು. ಅದನ್ನು ಓದಿ ಆಸಕ್ತರು ಲಿನಕ್ಸಿಗೆ ಡ್ರೈವರ್ ಬರೆದರು. ಎಲಾನ್‌ಟೆಕ್ ಟಚ್‌ಪ್ಯಾಡಿಗೆ 2008ರಲ್ಲಿ ಕರ್ನೆಲ್ಲಿನೊಳಗೆ ಜಾಗ ಸಿಕ್ಕಿತು.

ಆಲ್ಪ್ಸ್ ಎಂಬ ಜಪಾನಿ ಕಂಪನಿಯ ಹೊಸ ಟಚ್‌ಪ್ಯಾಡುಗಳು ಮಾತ್ರ ಬಾಯಿ ಬಿಡಲಿಲ್ಲ. ಅವುಗಳ ಭಾಷೆಯನ್ನು 2011ರಲ್ಲಿ ಒಡೆದ ಬಗೆ ಸ್ವಾರಸ್ಯವಾದದ್ದು. ಉಬುಂಟು ಹೊರತರುವ ಕೆನಾನಿಕಲ್ ಕಂಪನಿಯ ಎಂಜಿನಿಯರೊಬ್ಬರು ಲಿನಕ್ಸಿನೊಳಗೆ ವರ್ಚುವಲ್ ಮಷೀನ್ ಮಾಡಿ, ಅದರಲ್ಲಿ ವಿಂಡೋಸ್ ಓಡಿಸಿದರು. ವಿಂಡೋಸಿನ ಡ್ರೈವರೂ ಟಚ್‌ಪ್ಯಾಡೂ ಮಾತಾಡಿಕೊಳ್ಳುವುದನ್ನು ನಡುವೆ ನಿಂತು ಕದ್ದು ಕೇಳಿಸಿಕೊಂಡು, ಬೈಟ್‌ಗಳನ್ನು ಬರೆದಿಟ್ಟುಕೊಂಡು ಅರ್ಥ ಬಿಡಿಸಿದರು. ಆ ಫಲ ಎಲ್ಲರಿಗೂ ಉಚಿತವಾಗಿ ದಕ್ಕಿತು.

2013ರಲ್ಲಿ ಪರಿಸ್ಥಿತಿ ತಿರುಗಿತು. ವಿಂಡೋಸ್ 8.1ರ ಜೊತೆ ಮೈಕ್ರೋಸಾಫ್ಟ್ ‘ಪ್ರಿಸಿಶನ್ ಟಚ್‌ಪ್ಯಾಡ್’ ಎಂಬ ಸಮಾನ ಭಾಷೆಯನ್ನು ತಂದಿತು. ಕಂಪನಿಗೊಂದರಂತೆ ಇದ್ದ ಡ್ರೈವರುಗಳಿಂದ ಅದಕ್ಕೂ ಸಾಕಾಗಿತ್ತು. ತಯಾರಕರು ಈ ಒಂದೇ ಭಾಷೆಗೆ ಒಗ್ಗಿದ್ದರಿಂದ ಲಿನಕ್ಸಿಗೂ ಲಾಭವಾಯಿತು. ಟಚ್‌ಪ್ಯಾಡ್ ಪಿಎಸ್/2 ಬಿಟ್ಟು ಐ2ಸಿ ಎಂಬ ಬೇರೆ ತಂತಿದಾರಿಗೆ ಬಂತು, ಲಿನಕ್ಸಿನಲ್ಲಿ ಎಲ್ಲ ಬಗೆಯ ಟಚ್‌ಪ್ಯಾಡಿಗೂ ‘ಲಿಬ್‌ಇನ್‌ಪುಟ್’ ಎಂಬ ಒಂದೇ ಪದರ ಬಂತು.

ಕೇರಳ ಮಾಡಿದ್ದೇನು?

ಡ್ರೈವರ್ ಬರೆದವರು ಕೇರಳದವರಲ್ಲ. ಹಾಗಿದ್ದರೆ ಕೇರಳ ಮಾಡಿದ್ದೇನು? ಆ ಡ್ರೈವರು ಹಳ್ಳಿಯ ಶಾಲೆಯ ಮೇಜಿನವರೆಗೆ ತಲುಪುವ ದಾರಿ ಕಟ್ಟಿತು. ಪ್ರತಿ ಶಾಲೆಯಲ್ಲೂ ಒಬ್ಬ ಉಪಾಧ್ಯಾಯರನ್ನು ಐಟಿ ಸಂಯೋಜಕರನ್ನಾಗಿ ಮಾಡಿ, ಅವರ ಜೊತೆಗೆ ವಿದ್ಯಾರ್ಥಿ ಸಂಯೋಜಕರನ್ನೂ ಇರಿಸಿತು. ಮಾಸ್ಟರ್ ಟ್ರೈನರುಗಳೂ ಮೇಷ್ಟರುಗಳೇ. ಕೊಚ್ಚಿಯ ಇಡಪ್ಪಳ್ಳಿಯಲ್ಲಿರುವ ಪ್ರಾದೇಶಿಕ ಕೇಂದ್ರದಂಥ ಕಡೆಗಳಲ್ಲಿ ಅವರಿಗೆ ತರಬೇತಿ. ಕೆಟ್ಟ ಕಂಪ್ಯೂಟರುಗಳನ್ನು ಒಂದೆಡೆ ಸೇರಿಸಿ ದುರಸ್ತಿ ಮಾಡುವ ಹಾರ್ಡ್‌ವೇರ್ ಕ್ಲಿನಿಕ್ಕುಗಳು ನಡೆದವು. ಸಾರ್ವಜನಿಕರೂ ತಮ್ಮ ಲ್ಯಾಪ್‌ಟಾಪ್ ತಂದು ಲಿನಕ್ಸ್ ಹಾಕಿಸಿಕೊಳ್ಳುವ ಇನ್‌ಸ್ಟಾಲ್ ಮೇಳಗಳು ಜಿಲ್ಲೆ ಜಿಲ್ಲೆಗಳಲ್ಲಿ ಸೇರಿದವು.

ಹೀಗೆ ಹರಡಿದ ತಿಳಿವಳಿಕೆಯಲ್ಲಿ ಟಚ್‌ಪ್ಯಾಡ್ ಸರಿಪಡಿಸುವ ಕ್ರಮವೂ ಸೇರುತ್ತದೆ. ಎಲ್ಲೆಡೆಯೂ ಅದು ಸರಳದಿಂದ ಕಷ್ಟಕ್ಕೆ ಏರುವ ಮೆಟ್ಟಿಲು. ಮೊದಲು ಕೀಬೋರ್ಡಿನ ಮೇಲ್ಸಾಲು ನೋಡುವುದು: ಫಂಕ್ಷನ್ ಕೀಲಿಯೊಂದನ್ನು ಯಾರೋ ಅಪ್ಪಿತಪ್ಪಿ ಒತ್ತಿ ಟಚ್‌ಪ್ಯಾಡನ್ನು ಮಲಗಿಸಿರಬಹುದು. ಆಮೇಲೆ ಕೈ ಒರೆಸಿಕೊಳ್ಳುವುದು: ಒದ್ದೆ ಬೆರಳು ಜಾಲರಿಯ ಲೆಕ್ಕ ತಪ್ಪಿಸುತ್ತದೆ, ಕೇರಳದ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಚಾರ್ಜರ್ ಕಿತ್ತು ನೋಡುವುದು ಮೂರನೆಯದು: ಪ್ಲಗ್ಗಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಕರ್ಸರ್ ನಡುಗುತ್ತದೆ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಅದು ಡ್ರೈವರಿನ ದೋಷವಲ್ಲ. ಕೆಳಗಿನ ಬ್ಯಾಟರಿ ಊದಿಕೊಂಡಿದೆ, ಕೂಡಲೇ ಆರಿಸಿ ಬದಲಾಯಿಸಬೇಕು. ಇವೆಲ್ಲ ಮುಗಿದ ಮೇಲೆ ಡ್ರೈವರಿನ ಸರದಿ. ನಿದ್ದೆಯಿಂದೆದ್ದ ಲ್ಯಾಪ್‌ಟಾಪಿನಲ್ಲಿ ಪಿಎಸ್/2 ಟಚ್‌ಪ್ಯಾಡ್ ಸತ್ತಂತಿದ್ದರೆ ‘ಪಿಎಸ್‌ಮೌಸ್’ ಎಂಬ ಮಾಡ್ಯೂಲನ್ನು ಒಮ್ಮೆ ಇಳಿಸಿ ಮತ್ತೆ ಏರಿಸಿದರೆ ಎಷ್ಟೋ ಸಲ ಜೀವ ಬರುತ್ತದೆ. ಕರ್ನೆಲ್ಲಿನ ದಿನಚರಿಯಲ್ಲಿ ಟಚ್‌ಪ್ಯಾಡಿನ ಹೆಸರೇ ಇಲ್ಲದಿದ್ದರೆ ಹೊಸ ಕರ್ನೆಲ್ ಬೇಕು, ಅಥವಾ ಒಳಗಿನ ಕೇಬಲ್ ಸಡಿಲವಾಗಿದೆ.

ಮನೆಯ ಲ್ಯಾಪ್‌ಟಾಪಿನ ಮುಂದೆ ಈ ಮೆಟ್ಟಿಲನ್ನು ಒಬ್ಬರೇ ಹತ್ತಬೇಕು. ಶಾಲೆಗಳಲ್ಲಿ ಒಂದೇ ಬಗೆಯ ಯಂತ್ರ, ಒಂದೇ ಆಪರೇಟಿಂಗ್ ಸಿಸ್ಟಮ್ ಇರುವಾಗ ಒಬ್ಬರು ಹತ್ತಿದರೆ ಸಾಕು, ಕಂಡ ಉಪಾಯ ಎಲ್ಲರಿಗೂ ಸಲ್ಲುತ್ತದೆ.

2018ರ ಪರೀಕ್ಷೆ

ಈ ಏರ್ಪಾಡಿಗೆ ನಿಜವಾದ ಪರೀಕ್ಷೆ ಬಂದದ್ದು ಹೈಟೆಕ್ ಶಾಲೆ ಯೋಜನೆಯಲ್ಲಿ. 2017ರಲ್ಲಿ ಐಟಿ@ಸ್ಕೂಲ್ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿತ್ತು. 2018ರಿಂದ ಅದು ಎಂಟರಿಂದ ಹನ್ನೆರಡನೆಯ ತರಗತಿಗಳಿರುವ 4,752 ಶಾಲೆಗಳ 45,000 ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡಲು ಹೊರಟಿತು. ಇಷ್ಟನ್ನು ಕೊಳ್ಳುವವರ ಮಾತಿಗೆ ಮಾರುವವರು ಕಿವಿಗೊಡಲೇಬೇಕು. ಐದು ವರ್ಷದ ವಾರಂಟಿ, ದೂರು ದಾಖಲಿಸಲು ಕಾಲ್ ಸೆಂಟರ್, ದುರಸ್ತಿ ತಡವಾದರೆ ಪೂರೈಕೆದಾರರಿಗೆ ದಂಡ ಎಂಬ ಷರತ್ತುಗಳು ಬಂದವು. ಅದೇ ವರ್ಷದ ಜನವರಿಯಲ್ಲಿ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳು ಶುರುವಾದವು. ಆ ಮಕ್ಕಳ ಕಲಿಕೆಯಲ್ಲಿ ಅನಿಮೇಶನ್, ಭಾಷಾ ಕಂಪ್ಯೂಟಿಂಗ್ ಜೊತೆಗೆ ಹಾರ್ಡ್‌ವೇರ್ ಕೂಡ ಇತ್ತು.

ಅದೇ ಹೊತ್ತಿಗೆ ಸಾಫ್ಟ್‌ವೇರೂ ಬದಲಾಗುತ್ತಿತ್ತು. ಕೈಟ್ ತನ್ನ ಹೊಸ ಆವೃತ್ತಿಗೆ ಆಧಾರವಾಗಿ ಹಿಡಿದ ಉಬುಂಟು 18.04, ಟಚ್‌ಪ್ಯಾಡಿಗೆ ಹಳೆಯ ಸಿನಾಪ್ಟಿಕ್ಸ್ ಡ್ರೈವರ್ ಬಿಟ್ಟು ಲಿಬ್‌ಇನ್‌ಪುಟ್ ಬಳಸಿತು. ಉಬುಂಟುವಿನ ಮೂಲ ಡೆಸ್ಕ್‌ಟಾಪ್ ಆದ ಗ್ನೋಮ್ 3.28ರಲ್ಲಿ ಇನ್ನೊಂದು ಬದಲಾವಣೆ ಇತ್ತು. ಬಲ ಮೂಲೆಯಲ್ಲಿ ಒತ್ತಿದರೆ ಬರುತ್ತಿದ್ದ ರೈಟ್ ಕ್ಲಿಕ್, ಇನ್ನು ಮೇಲೆ ಎರಡು ಬೆರಳಿಟ್ಟು ಒತ್ತಿದರೆ ಮಾತ್ರ. ಜಗತ್ತಿನಾದ್ಯಂತ ಬಳಕೆದಾರರು ಟಚ್‌ಪ್ಯಾಡ್ ಕೆಟ್ಟಿತೆಂದೇ ಗಾಬರಿಯಾದರು. ಕೆಟ್ಟದ್ದು ಏನೂ ಇರಲಿಲ್ಲ, ರೂಢಿ ಬದಲಾಗಿತ್ತು ಅಷ್ಟೆ. ಒಂದು ಸೆಟ್ಟಿಂಗ್ ತಿದ್ದಿದರೆ ಹಳೆಯದು ಮರಳುತ್ತಿತ್ತು. ಅದು ತಿದ್ದಬಹುದಾದದ್ದು ಎಂದು ಗೊತ್ತಿದ್ದವರಿಗೆ ಅದು ಎರಡು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ಸರ್ವಿಸ್ ಸೆಂಟರಿನ ಬಾಗಿಲು.

ಈ ವ್ಯತ್ಯಾಸದ ಬೆಲೆ ದೂರದ ಊರುಗಳಲ್ಲೇ ಹೆಚ್ಚು. ತಿರುವನಂತಪುರದಲ್ಲೋ ಕೊಚ್ಚಿಯಲ್ಲೋ ಬಸ್ಸು ಹತ್ತಿದರೆ ರಿಪೇರಿ ಅಂಗಡಿ ಸಿಗುತ್ತದೆ. ಕಾಸರಗೋಡು, ಮಂಜೇಶ್ವರದ ಒಳನಾಡಿನ ಕನ್ನಡ ಮಾಧ್ಯಮ ಶಾಲೆಗೆ ರಾಜಧಾನಿ ರಾಜ್ಯದ ಇನ್ನೊಂದು ತುದಿ. 2020ರ ಜೂನ್ 1ರಂದು ಕೊರೊನಾ ಕಾಲದ ‘ಫಸ್ಟ್ ಬೆಲ್’ ಪಾಠಗಳು ಶುರುವಾಗಿ, ಮುಂದೆ ಕನ್ನಡ, ತಮಿಳು ಮಾಧ್ಯಮದವರಿಗೂ ಪಾಠಗಳು ಸಿದ್ಧವಾದಾಗ ಲ್ಯಾಪ್‌ಟಾಪ್ ಬಲ್ಲ ಮೇಷ್ಟರು ಹತ್ತಿರದಲ್ಲೇ ಇರುವುದರ ಅರ್ಥ ಹೆಚ್ಚಿತು.

ಈ ದಾರಿಗೂ ಮಿತಿ ಇದೆ. ಸಂಯೋಜಕ ಮೇಷ್ಟರು ಪಾಠ ಮಾಡುವವರು, ರಿಪೇರಿಯವರಲ್ಲ. ಅವರಿಗೆ ವರ್ಗವಾದರೆ ಕಲಿತದ್ದು ಅವರ ಜೊತೆಗೇ ಹೋಗುತ್ತದೆ. ವಾರಂಟಿ ಇರುವ ಯಂತ್ರದ ಹೊಟ್ಟೆ ಬಿಚ್ಚುವಂತಿಲ್ಲ. 2018ರಲ್ಲಿ ಕೊಂಡ ಲ್ಯಾಪ್‌ಟಾಪುಗಳ ಐದು ವರ್ಷ 2023ಕ್ಕೆ ಮುಗಿಯಿತು. ಷರತ್ತಿನ ಆಸರೆ ತಪ್ಪಿದ ಮೇಲೆ ಉಳಿಯುವುದು ಶಾಲೆಯೊಳಗಿನ ತಿಳಿವಳಿಕೆ ಮಾತ್ರ.

ಯು.ಆರ್. ರಾವ್ ವರದಿ ಕೊಟ್ಟ ಕಾಲದಲ್ಲಿ ದೊಡ್ಡ ಪ್ರಶ್ನೆ ಶಾಲೆಗೆ ಕಂಪ್ಯೂಟರ್ ತಲುಪಿಸುವುದಾಗಿತ್ತು. ತಲುಪಿದ ಮೇಲಿನ ಪ್ರಶ್ನೆ ಅದನ್ನು ನಡೆಸಿಕೊಂಡು ಹೋಗುವುದು. ಲ್ಯಾಪ್‌ಟಾಪ್ ಹಂಚುವ ಯೋಜನೆಗಳು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಬಂದಿವೆ. ಹಂಚಿದ ದಿನದ ಫೋಟೊದಲ್ಲಿ ಎಲ್ಲ ಕರ್ಸರುಗಳೂ ಓಡುತ್ತಿರುತ್ತವೆ. ಯೋಜನೆಯನ್ನು ಅಳೆಯಬೇಕಾದದ್ದು ಮೂರು ವರ್ಷದ ಮೇಲೆ, ಮಳೆಗಾಲದ ಒಂದು ಬೆಳಿಗ್ಗೆ ಕರ್ಸರ್ ನಿಂತಾಗ, ಅದೇ ಕೊಠಡಿಯಲ್ಲಿ ಯಾರಾದರೂ ಎದ್ದು ಬಂದು “ಸ್ವಲ್ಪ ಕೊಡಿ ಟೀಚರ್, ನೋಡ್ತೇನೆ” ಎನ್ನುತ್ತಾರೋ ಇಲ್ಲವೋ ಎಂಬುದರಿಂದ.