ಕುಂಬಳೆ ಸೀಮೆಯ ಮಳೆಗಾಲದ ವಿನೋದಗಳು

ಗಡಿನಾಡಿನ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ರಾಜ್ಯ ಪುನರ್ವಿಂಗಡಣೆಯಿಂದಲೂ ಆಯೋಗಗಳ ವರದಿಗಳಿಂದಲೂ ಆರಂಭಿಸುವರು. ಅದು ಯುಕ್ತವೇ ಆಗಿದೆ. ಆದರೆ ಒಂದು ಜನಾಂಗದ ಚರಿತ್ರೆಯು ಅದರ ಹೋರಾಟಗಳಲ್ಲಿ ಮಾತ್ರವೇ ಅಡಗಿರುವುದಿಲ್ಲ. ಕೆಲಸ ಮುಗಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿರುವಾಗ, ಮನೆಮಂದಿ ಹೇಗೆ ಕಾಲ ಕಳೆಯುತ್ತಿದ್ದರೆಂಬುದರಲ್ಲಿಯೂ ಅದು ಇರುತ್ತದೆ. ಈ ಸ್ಮರಣಸಂಚಿಕೆಗಾಗಿ ಲೇಖನವನ್ನು ಕೇಳಿದ ಮಿತ್ರರಿಗೆ ನಾನು ಅಂತಹ ಬಿಡುವಿನ ವೇಳೆಯ ಚರಿತ್ರೆಯನ್ನೇ ಒಪ್ಪಿಸಬೇಕೆಂದು ನಿಶ್ಚಯಿಸಿದೆನು.

ನಾನು 1955ರಲ್ಲಿ ಕುಂಬಳೆಯ ಸಮೀಪದ ಒಂದು ಹಳ್ಳಿಮನೆಯಲ್ಲಿ ಹುಟ್ಟಿದವನು. ಆಗ ಆ ಮನೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾನು ನಡೆಯಲು ಕಲಿಯುವಷ್ಟರಲ್ಲಿ, 1956ನೆಯ ನವೆಂಬರ್ 1ರಂದು, ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿ ಮಲಬಾರು ಜಿಲ್ಲೆಗೆ ಒಳಪಟ್ಟಿತು. ಎರಡು ತಿಂಗಳ ತರುವಾಯ, 1957ರ ಜನವರಿ 1ರಂದು, ಮಲಬಾರು ಮೂರು ಜಿಲ್ಲೆಗಳಾಗಿ ಒಡೆದು ನಾವು ಕಣ್ಣೂರು ಜಿಲ್ಲೆಯವರಾದೆವು. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಯಿತು. ಹೀಗೆ ಒಂದೇ ಮನೆಗೆ ಮೂವತ್ತು ವರ್ಷಗಳೊಳಗೆ ನಾಲ್ಕು ವಿಳಾಸಗಳು. ಆದರೆ ಆ ಮನೆಯ ಚಾವಡಿ ಮಾತ್ರ ಇದ್ದಲ್ಲಿಯೇ ಇತ್ತು. ಅಲ್ಲಿ ಮಳೆಗಾಲದಲ್ಲಿ ನಡೆಯುತ್ತಿದ್ದ ವಿನೋದಗಳೂ ಹಾಗೆಯೇ ಇದ್ದವು.

ಮಳೆಗಾಲವೆಂದೇಕೆ ಹೇಳಿದೆನೆಂಬುದನ್ನು ಹೊರಗಿನ ಓದುಗರಿಗಾಗಿ ವಿವರಿಸಬೇಕು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅದು ಮೇ ತಿಂಗಳ ಕೊನೆಯ ವಾರದಲ್ಲಿ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮತ್ತೆ ಮೇಳ ಹೊರಡುವುದು ದೀಪಾವಳಿ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ಬಯಲು ಕೆಸರು, ತೋಡು ತುಂಬಿ ಹರಿಯುವ ನೀರು. ಅದರಲ್ಲಿಯೂ ಆಟಿ ತಿಂಗಳೆಂದರೆ ನಾಟಿಯ ಕೆಲಸ ಮುಗಿದು ಕೈ ಬರಿದಾದ ಕಾಲ. ಹಿಂದೆ ಹಲವು ಮನೆಗಳಲ್ಲಿ ಅಕ್ಕಿಯ ಕಲಸೆಯೂ ಬರಿದಾಗುತ್ತಿದ್ದ ಕಾಲ. ಹಲಸಿನ ಹಪ್ಪಳ, ಬೇಸಗೆಯಲ್ಲಿ ಉಪ್ಪು ಹಾಕಿ ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜದ ಸಾಂತಾಣಿ, ಕೆಸುವಿನೆಲೆಯ ಪತ್ರೊಡೆ—ಇವೇ ಆಗಿನ ಭಕ್ಷ್ಯಗಳು. ಹೊರಗೆ ಹೋಗಲಾರದವರಿಗೆ ಒಳಗೇ ಒಂದು ಲೋಕ ಬೇಕಾಗಿತ್ತು. ನಮ್ಮ ಹಿರಿಯರು ಅಂತಹ ಎರಡು ಲೋಕಗಳನ್ನು ಕಟ್ಟಿಕೊಂಡಿದ್ದರು. ಒಂದು ಚೆನ್ನೆಮಣೆ, ಇನ್ನೊಂದು ತಾಳಮದ್ದಳೆ.

ಚೆನ್ನೆಮಣೆಯು ಹಲಸಿನಂತಹ ಗಟ್ಟಿ ಮರದ ಹಲಗೆಯಲ್ಲಿ ಏಳೇಳು ಕುಳಿಗಳ ಎರಡು ಸಾಲುಗಳನ್ನು ಕೊರೆದು ಮಾಡಿದ್ದು. ಕುಳಿಗೆ ನಾಲ್ಕರಂತೆ 14 ಕುಳಿಗಳಿಗೆ 56 ಕಾಳುಗಳು. ಮಂಜೊಟ್ಟಿಯ ಕೆಂಪು ಕಾಳುಗಳೇ ಇದಕ್ಕೆ ಒದಗುತ್ತಿದ್ದವು. ಆಡುವವರು ತಮ್ಮ ಸಾಲಿನ ಒಂದು ಕುಳಿಯ ಕಾಳುಗಳನ್ನೆಲ್ಲ ಎತ್ತಿ, ಮುಂದಿನ ಕುಳಿಗಳಿಗೆ ಒಂದೊಂದರಂತೆ ಹಾಕುತ್ತ ಹೋಗಬೇಕು. ಕೈಯ ಕಾಳು ಮುಗಿದಲ್ಲಿ ಮುಂದಿನ ಕುಳಿಯಿಂದ ಮತ್ತೆ ಎತ್ತಬೇಕು. ಮುಂದಿನ ಕುಳಿ ಬರಿದಾಗಿದ್ದರೆ ಅದರಾಚೆಯ ಕುಳಿಯಲ್ಲಿರುವ ಕಾಳುಗಳು ಆಡಿದವರ ಪಾಲಿಗೆ. ಈ ಆಟದಲ್ಲಿ ಹಲವು ಬಗೆಗಳಿದ್ದರೂ ತಿರುಳು ಇಷ್ಟೇ. ನೋಡುವುದಕ್ಕೆ ಮಕ್ಕಳಾಟ, ಆದರೆ ಯಾವ ಕುಳಿಯಿಂದ ಎತ್ತಿದರೆ ಎಲ್ಲಿಗೆ ಮುಟ್ಟುವುದೆಂದು ಮೊದಲೇ ಕಾಣಬಲ್ಲವರಿಗೆ ಮಾತ್ರ ಗೆಲುವು. ಅಕ್ಷರವನ್ನೇ ಅರಿಯದ ನಮ್ಮ ಅಜ್ಜಿಯವರು ಶಾಲೆಗೆ ಹೋಗುತ್ತಿದ್ದ ನಮ್ಮೆಲ್ಲರನ್ನೂ ಸರದಿಯಂತೆ ಸೋಲಿಸುತ್ತಿದ್ದರು. ಅವರು ಎಣಿಸುತ್ತಿದ್ದುದು ತುಳುವಿನಲ್ಲಿ. ಗೆದ್ದಾಗ ಹಾಸ್ಯ ಮಾಡುತ್ತಿದ್ದುದೂ ತುಳುವಿನಲ್ಲಿ.

ಈ ಆಟಕ್ಕೆ ಒಂದು ಕಟ್ಟಳೆಯಿತ್ತು. ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆಯಾಡಕೂಡದು. ಸಿರಿಯ ಪಾಡ್ದನವನ್ನು ಕೇಳಿದವರಿಗೆ ಇದರ ಕಾರಣ ತಿಳಿದೇ ಇದೆ. ಸಿರಿಯ ಸಂತತಿಯ ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆಯಾಡುತ್ತ ಸೋಲುಗೆಲುವಿನ ಮಾತಿಗೆ ಜಗಳವಾಡಿದರು. ಒಬ್ಬಳು ಸಿಟ್ಟಿನಿಂದ ಮಣೆಯನ್ನೇ ಎತ್ತಿ ಹೊಡೆಯಲು ಇನ್ನೊಬ್ಬಳು ಮಡಿದಳು. ಹೊಡೆದವಳೂ ಪಶ್ಚಾತ್ತಾಪದಿಂದ ಬಾವಿಗೆ ಬಿದ್ದಳು. ನನ್ನ ಅಕ್ಕಂದಿರು ಒಂದು ಸಲ ಕದ್ದು ಆಡುತ್ತಿದ್ದಾಗ ಅಜ್ಜಿಯವರು ಬೈಯಲಿಲ್ಲ. ಮೌನವಾಗಿ ಬಂದು, ಇಬ್ಬರ ನಡುವೆ ತಾವೇ ಕುಳಿತು, ಒಬ್ಬಳ ಕೈಯ ಕಾಳುಗಳನ್ನು ತೆಗೆದುಕೊಂಡು ಆಟವನ್ನು ಮುಂದುವರಿಸಿದರು.

ಚೆನ್ನೆಮಣೆ ಹಗಲಿನದಾದರೆ ತಾಳಮದ್ದಳೆ ಇರುಳಿನದು. ಯಕ್ಷಗಾನದ ಬಯಲಾಟದಲ್ಲಿ ವೇಷವುಂಟು, ಕುಣಿತವುಂಟು. ತಾಳಮದ್ದಳೆಯಲ್ಲಿ ಅವೆರಡೂ ಇಲ್ಲ. ಚಾವಡಿಯಲ್ಲಿ ಚಾಪೆ ಹಾಸಿ, ಕಾಲುದೀಪ ಹಚ್ಚಿ, ನಡುವೆ ಭಾಗವತರು, ಅವರ ಬದಿಯಲ್ಲಿ ಚೆಂಡೆ ಮದ್ದಳೆಯವರು, ಎರಡು ಕಡೆಗಳಲ್ಲಿ ಅರ್ಥಧಾರಿಗಳು. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದೊಡನೆ ಅದರ ಅರ್ಥವನ್ನು ಪಾತ್ರದ ಬಾಯಿಂದ, ಆಶುವಾಗಿ, ಗದ್ಯದಲ್ಲಿ ವಿಸ್ತರಿಸಬೇಕು. ಪದ್ಯ ಮಾತ್ರ ಪುಸ್ತಕದಲ್ಲಿರುವುದು. ಮಾತು ಅರ್ಥಧಾರಿಯ ಸ್ವಂತದ್ದು. ಎದುರಿನವನು ಏನು ಕೇಳುವನೆಂದು ಯಾರಿಗೂ ಗೊತ್ತಿಲ್ಲ. ಕೃಷ್ಣಸಂಧಾನವಾಗಲಿ ವಾಲಿವಧೆಯಾಗಲಿ, ಕಥೆಯ ಅಂತ್ಯವು ಎಲ್ಲರಿಗೂ ತಿಳಿದದ್ದೇ. ಆ ಅಂತ್ಯಕ್ಕೆ ಹೋಗುವ ದಾರಿಯಲ್ಲಿ ಯಾರ ವಾದ ಗೆಲ್ಲುವುದೆಂಬುದೇ ಕುತೂಹಲ.

ಇಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ಗಮನಿಸಬೇಕು. ಆ ಚಾವಡಿಗೆ ಬಂದು ಕುಳಿತವರ ಮನೆಮಾತು ಒಂದಲ್ಲ. ತುಳು, ಹವ್ಯಕ, ಕೊಂಕಣಿ, ಕರಾಡ, ಮರಾಠಿ, ಮಲಯಾಳ—ಕಾಸರಗೋಡನ್ನು ಸಪ್ತಭಾಷೆಗಳ ನಾಡೆಂದು ಕರೆಯುವುದು ಸುಮ್ಮನೆ ಅಲ್ಲ. ಅಂಗಳದಲ್ಲಿ ಕೊಡೆ ಮಡಿಸುವಾಗ ಅವರೆಲ್ಲರೂ ತಮ್ಮ ತಮ್ಮ ಮಾತಿನಲ್ಲಿಯೇ ಕುಶಲವನ್ನು ಕೇಳುತ್ತಿದ್ದರು. ಆದರೆ ಚಾಪೆಯ ಮೇಲೆ ಕುಳಿತು ಅರ್ಥ ಹೇಳತೊಡಗಿದರೆಂದರೆ ಶುದ್ಧ ಕನ್ನಡ; ನಡುವೆ ಅನ್ಯಭಾಷೆಯ ಒಂದು ಪದ ನುಸುಳಿದರೂ ಅದು ದೋಷವೇ. ತುಳುವಿನಲ್ಲಿಯೂ ಪ್ರಸಂಗಗಳು ಬಂದಿರುವುದುಂಟು. ಆದರೂ ನಮ್ಮ ಸೀಮೆಯ ತಾಳಮದ್ದಳೆಯ ಮಾತೆಂದರೆ ಕನ್ನಡವೇ.

ಈ ಕಟ್ಟಳೆ ಎಷ್ಟು ಬಿಗಿಯಾದುದೆಂಬುದನ್ನು ನಾನು ಹತ್ತನೆಯ ವಯಸ್ಸಿನಲ್ಲಿ ಕಲಿತೆನು. ಅಂಗದ ಸಂಧಾನದ ರಾತ್ರಿ ರಾವಣನ ದೂತನ ಪಾತ್ರಕ್ಕೆ ನನ್ನನ್ನು ಕುಳ್ಳಿರಿಸಿದರು. ಒಡ್ಡೋಲಗಕ್ಕೆ ಒಬ್ಬ ಕಪಿ ಬಂದಿರುವನೆಂದು ಅರಿಕೆ ಮಾಡುವುದಷ್ಟೇ ನನ್ನ ಕೆಲಸ. ಗಾಬರಿಯಲ್ಲಿ ನನ್ನ ಬಾಯಿಂದ 'ಮಂಗೆ' ಎಂಬ ತುಳು ಶಬ್ದ ಹೊರಟಿತು. ಹುಡುಗರು ನಕ್ಕರು. ರಾವಣನ ಅರ್ಥ ಹೇಳುತ್ತಿದ್ದ ನನ್ನ ಸೋದರಮಾವನವರು ನಗಲಿಲ್ಲ. ಲಂಕೇಶ್ವರನ ಗಾಂಭೀರ್ಯದಿಂದಲೇ, "ಎಲವೋ ದೂತನೇ, ಬಂದವನು ಕಪಿಯೋ, ವಾನರನೋ, ಮರ್ಕಟನೋ? ವಿಚಾರಿಸಿ ಹೇಳು" ಎಂದರು. ನನ್ನ ತಪ್ಪೂ ತಿದ್ದಲ್ಪಟ್ಟಿತು, ಕಥೆಯೂ ಕೆಡಲಿಲ್ಲ, ಮೂರು ಶಬ್ದಗಳೂ ದೊರೆತವು. ನಾನು ಮುಂದೆ ಶಾಲೆಯಲ್ಲಿ ನಾನಾರ್ಥ ಸಮಾನಾರ್ಥಗಳ ಪಾಠವನ್ನು ಓದಿದ್ದೇನೆ; ಆದರೆ ಆ ರಾತ್ರಿಯ ಪಾಠದಷ್ಟು ಚೆನ್ನಾಗಿ ಬೇರೆ ಯಾವುದೂ ನೆನಪಿನಲ್ಲಿ ನಿಂತಿಲ್ಲ.

ಹೆಂಗಸರು ಆಗ ಚಾಪೆಯ ಮೇಲೆ ಕುಳಿತುಕೊಳ್ಳುತ್ತಿರಲಿಲ್ಲ. ಒಳಬಾಗಿಲ ಮರೆಯಲ್ಲಿ ಕುಳಿತು ಕೇಳುತ್ತಿದ್ದರು. ಆದರೆ ಅವರು ಬರಿದೆ ಕೇಳುತ್ತಿದ್ದರೆಂದು ಭಾವಿಸಕೂಡದು. ವಾಲಿವಧೆಯ ಮರುದಿನ ಬೆಳಗ್ಗೆ, ರಾಮನ ಅರ್ಥ ಹೇಳಿದ್ದ ಶಾಲೆಯ ಮಾಷ್ಟ್ರು ಹೊರಡಲನುವಾದಾಗ ಅಜ್ಜಿಯವರು ಕೊತ್ತಂಬರಿಯ ಕಷಾಯವನ್ನು ತಂದಿಟ್ಟು ತುಳುವಿನಲ್ಲಿ ಹೇಳಿದ ಮಾತು ನನಗೆ ನೆನಪಿದೆ: "ಮಾಷ್ಟ್ರೇ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ವಾಲಿ ಕೇಳಿದ. ನೀವು ಧರ್ಮದ ಮಾತು ಬಹಳ ಹೇಳಿದಿರಿ. ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಲಿಲ್ಲ." ಮಾಷ್ಟ್ರು ತಲೆಬಾಗಿ, "ಹೌದಮ್ಮ, ಮುಂದಿನ ಸಲ ಹೇಳುತ್ತೇನೆ" ಎಂದರು. ಕನ್ನಡದಲ್ಲಿ ಒಂದು ವಾಕ್ಯವನ್ನು ಆಡದ, ಒಂದು ಅಕ್ಷರವನ್ನು ಓದದ ಮುದುಕಿಯೊಬ್ಬಳು ಕನ್ನಡದ ಒಂದು ರಾತ್ರಿಯ ವಾದವನ್ನು ಆಮೂಲಾಗ್ರವಾಗಿ ಹಿಡಿದು ತೂಗಬಲ್ಲವಳಾಗಿದ್ದಳು. ಇದಕ್ಕಿಂತ ಮಿಗಿಲಾದ ಭಾಷಾಶಿಕ್ಷಣವನ್ನು ನಾನು ಕಂಡಿಲ್ಲ.

ಈ ವಿದ್ಯೆ ಎಲ್ಲಿಂದ ಬಂತೆಂದು ಕೇಳಿದರೆ ಕುಂಬಳೆಯ ಪಾರ್ತಿಸುಬ್ಬನನ್ನು ನೆನೆಯಬೇಕು. ಹದಿನೆಂಟನೆಯ ಶತಮಾನದ ಈ ಕವಿಯ ಹೆಸರಿನಲ್ಲಿ ಪಂಚವಟಿ, ವಾಲಿ ಸುಗ್ರೀವರ ಕಾಳಗ, ಉಂಗುರಸಂಧಿ, ಅಂಗದ ಸಂಧಾನ ಮುಂತಾದ ರಾಮಾಯಣ ಪ್ರಸಂಗಗಳು ಪ್ರಸಿದ್ಧವಾಗಿವೆ. ಕೃತಿಗಳಲ್ಲಿ ಸ್ತುತನಾದ ಕಣ್ವಪುರದ ಕೃಷ್ಣನು ಕುಂಬಳೆಯ ಗೋಪಾಲಕೃಷ್ಣನೇ ಎಂಬುದು ವಿದ್ವಾಂಸರ ಮತ. ಕರ್ತೃತ್ವದ ವಿಷಯದಲ್ಲಿ ಡಾ. ಶಿವರಾಮ ಕಾರಂತರು ಬೇರೆ ಅಭಿಪ್ರಾಯವನ್ನು ಮಂಡಿಸಿದ್ದರು. ಮುಳಿಯ ತಿಮ್ಮಪ್ಪಯ್ಯನವರೂ ಕುಕ್ಕಿಲ ಕೃಷ್ಣಭಟ್ಟರೂ ಪಾರ್ತಿಸುಬ್ಬನ ಪಕ್ಷವನ್ನು ಎತ್ತಿಹಿಡಿದರು. ಕರ್ನಾಟಕ ಯಕ್ಷಗಾನ ಅಕಾಡೆಮಿಯು ಪಾರ್ತಿಸುಬ್ಬನ ಹೆಸರಿನಲ್ಲಿಯೇ ಪ್ರಶಸ್ತಿಯನ್ನು ನೀಡುತ್ತಿದೆ. ಆಡಳಿತದ ಗಡಿಯಿಂದ ಹೊರಗುಳಿದ ಊರಿನ ಕವಿಯು ಸಂಸ್ಕೃತಿಯ ಗಡಿಯೊಳಗೆ ಹೀಗೆ ಅಗ್ರಸ್ಥಾನದಲ್ಲಿದ್ದಾನೆ.

ಇನ್ನೊಂದು ವಿಚಾರವನ್ನೂ ಮರೆಯಬಾರದು. ಕಥಕಳಿಯ ಮೂಲರೂಪವೆನಿಸಿದ ರಾಮನಾಟ್ಟಂ ಎಂಬುದನ್ನು ಕೊಟ್ಟಾರಕ್ಕರ ತಂಬುರಾನನು ಮಲಯಾಳದಲ್ಲಿ ರಚಿಸಿದ್ದನು. ರಾಮಾಯಣದ ಕಥೆಯನ್ನು ಎಂಟು ಭಾಗಗಳಾಗಿ ಆಡಿಸುವ ಕೃತಿಯದು. ಪಾರ್ತಿಸುಬ್ಬನ ರಾಮಾಯಣಕ್ಕೂ ಅದಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹಾಗಾದರೆ ನಮ್ಮ ಕನ್ನಡದ ಹೆಮ್ಮೆಯ ಕೃತಿಗಳೇ ನೆರೆಯ ಮಲಯಾಳದ ಗಾಳಿಯನ್ನು ಉಸಿರಾಡಿ ಬೆಳೆದವು. ಇದರಿಂದ ಕನ್ನಡಕ್ಕೆ ಕುಂದೇನೂ ಬರಲಿಲ್ಲ, ಸಮೃದ್ಧಿಯೇ ಬಂತು.

ಅಂತಹ ಚಾವಡಿಗಳೇ ಮಹಾ ಅರ್ಥಧಾರಿಗಳನ್ನು ಬೆಳೆಸಿದವು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಮಣ್ಣಿನವರು. ಅವರ ವಾಲಿ, ಮಾಗಧ, ರಾವಣರನ್ನು ಕೇಳಲು ಜನರು ಮಳೆಯಲ್ಲಿ ಹರದಾರಿ ನಡೆದು ಬರುತ್ತಿದ್ದರು. ಸೋಲಬೇಕಾದ ಪಾತ್ರಕ್ಕೂ ಒಂದು ನ್ಯಾಯವುಂಟೆಂದು ತೋರಿಸುವುದು ಅವರ ಮಾತಿನ ಮಹತ್ತ್ವವಾಗಿತ್ತು. ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿದಾಗ ನಮ್ಮಲ್ಲಿ ಎಷ್ಟು ಆಸೆ ಹುಟ್ಟಿತೋ, ಅದು ಜಾರಿಗೆ ಬಾರದೆ ಹೋದಾಗ ಅಷ್ಟೇ ನಿರಾಶೆಯೂ ಆಯಿತು. ಆ ನಿರಾಶೆಯ ವರ್ಷಗಳಲ್ಲಿಯೂ ಆಟಿಯ ತಾಳಮದ್ದಳೆ ನಿಲ್ಲಲಿಲ್ಲ. ಕಚೇರಿಯ ಕಾಗದದಿಂದ ಕನ್ನಡ ಹಿಂದೆ ಸರಿಯುತ್ತಿದ್ದಾಗ ಚಾವಡಿಯಲ್ಲಿ ಅದು ಬೆಳಗಿನವರೆಗೆ ಎಚ್ಚರವಾಗಿತ್ತು.

ವಿನೋದವು ಗಡಿಗೆ ಸಂಪೂರ್ಣವಾಗಿ ಹೊರತೆಂದೇನೂ ನಾನು ಹೇಳುವುದಿಲ್ಲ. ಕೋಣಗಳ ಓಟದ ಕಂಬಳವು ನಮ್ಮ ಪೈವಳಿಕೆಯಲ್ಲಿಯೂ ನಡೆಯುತ್ತಿತ್ತು. 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕಂಬಳಕ್ಕೆ ತಡೆ ಬಂದಾಗ ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ತಿದ್ದಿ ಅನುವು ಮಾಡಿಕೊಟ್ಟಿತು. ಆ ತಿದ್ದುಪಡಿಯನ್ನು 2023ರಲ್ಲಿ ನ್ಯಾಯಾಲಯವೂ ಒಪ್ಪಿತು. ಆದರೆ ಒಂದು ರಾಜ್ಯದ ತಿದ್ದುಪಡಿ ಆ ರಾಜ್ಯದ ಎಲ್ಲೆಯೊಳಗೆ ಮಾತ್ರ. ಕೆಸರುಗದ್ದೆಗೂ ಗಡಿಯುಂಟೆಂದು ಆಗ ನಮಗೆ ತಿಳಿಯಿತು. ಚಾವಡಿಯ ವಿನೋದಕ್ಕೆ ಮಾತ್ರ ಯಾವ ಕಾಯಿದೆಯ ಅಪ್ಪಣೆಯೂ ಬೇಡ. ಅದನ್ನು ನಿಲ್ಲಿಸಬಲ್ಲವರು ನಾವು ಮಾತ್ರ, ನಡೆಸಬಲ್ಲವರೂ ನಾವೇ.

ನಿಲ್ಲಿಸುತ್ತಿದ್ದೇವೆಂಬುದೇ ದುಃಖದ ವಿಷಯ. ವಿದ್ಯುದ್ದೀಪ ಬಂದಾಗ ತಾಳಮದ್ದಳೆಗೆ ಕೆಡುಕಾಗಲಿಲ್ಲ. 1976ರಲ್ಲಿ ಮಂಗಳೂರಿನ ಆಕಾಶವಾಣಿ ಆರಂಭವಾದಾಗಲೂ ಹಿತವೇ ಆಯಿತು. ರೇಡಿಯೋದ ಸುತ್ತ ಕುಳಿತು ಮನೆಮಂದಿಯೆಲ್ಲ ಯಕ್ಷಗಾನವನ್ನು ಕೇಳಿದೆವು. ಈಗ ಪ್ರತಿಯೊಬ್ಬರ ಅಂಗೈಯಲ್ಲಿ ಒಂದೊಂದು ಮೊಬೈಲು. ಪ್ರತಿಯೊಬ್ಬರದೂ ಪ್ರತ್ಯೇಕ ವಿನೋದ. ಅದರಲ್ಲಿ ಶೇಣಿಯವರ ಧ್ವನಿಯೂ ದೊರೆಯುತ್ತದೆಂಬುದು ಸಂತೋಷವೇ. ಆದರೆ ಧ್ವನಿಮುದ್ರಿಕೆಯು ತಪ್ಪಿದ ಹುಡುಗನನ್ನು ತಿದ್ದಲಾರದು. ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಲಾರದು. ನನ್ನ ಮೊಮ್ಮಗಳು ಕನ್ನಡವನ್ನು ಓದಬಲ್ಲಳು, ಬರೆಯಬಲ್ಲಳು. ಆದರೆ ಎದುರಿನವರ ಮಾತಿಗೆ ಕನ್ನಡದಲ್ಲಿ ಥಟ್ಟನೆ ಪ್ರತ್ಯುತ್ತರ ಕೊಡಬೇಕಾದರೆ ತಡವರಿಸುತ್ತಾಳೆ. ತಪ್ಪು ಅವಳದಲ್ಲ. ಅವಳಿಗೆ ಚಾಪೆ ಹಾಸಿಕೊಡದ ನಮ್ಮದು.

ಹೋದ ಆಟಿಯಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆವು. ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿದೆವು; 56ರಲ್ಲಿ 9 ಕಾಳುಗಳು ಕಡಿಮೆಯಿದ್ದವು, ಅಂಗಳದ ಹುಣಿಸೆಬೀಜಗಳನ್ನು ಕೂಡಿಸಿದೆವು. ರಾತ್ರಿ ನೆರೆಯ ಭಾಗವತರೊಬ್ಬರನ್ನು ಕರೆದು ಎರಡು ಗಂಟೆಯ ಅಂಗದ ಸಂಧಾನ. ಈಗ ಮಹಿಳೆಯರ ತಾಳಮದ್ದಳೆ ತಂಡಗಳು ಹಲವೆಡೆ ಇರುವುದರಿಂದ ನನ್ನ ಸೊಸೆ ಅಂಗದನ ಅರ್ಥ ಹೇಳಲು ಹಿಂಜರಿಯಲಿಲ್ಲ. ಮೊಮ್ಮಗಳು ದೂತನಾದಳು. ಅವಳ ಬಾಯಿಂದ ಒಂದು ಇಂಗ್ಲಿಷ್ ಶಬ್ದ ಜಾರಿತು. ರಾವಣನಾಗಿ ಕುಳಿತಿದ್ದ ನಾನು ಅರುವತ್ತು ವರ್ಷಗಳ ಹಿಂದಿನ ಮಾತನ್ನು ಅವಳಿಗೆ ಹಿಂದಿರುಗಿಸಿದೆನು. ಅವಳು ಒಂದು ಕ್ಷಣ ಯೋಚಿಸಿ, "ಪ್ರಭೂ, ಬಾಲವಿದೆ, ಆದರೆ ಮಾತು ನಮಗಿಂತ ಚೆನ್ನಾಗಿದೆ" ಎಂದಳು. ಇಡೀ ಚಾವಡಿ ನಕ್ಕಿತು.

ಬಂಧುಗಳೇ, ಸಂಘವು ಶಾಲೆಗಳಿಗಾಗಿಯೂ ಭಾಷಾ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿಯೂ ದುಡಿಯುವುದು ಅವಶ್ಯವೇ. ಅದನ್ನು ಎಂದಿಗೂ ಬಿಡಬಾರದು. ಅದರೊಡನೆ ವರ್ಷಕ್ಕೊಂದು ರಾತ್ರಿ, ಮನೆಗೊಂದು ದೀಪ, ಒಂದು ಪ್ರಸಂಗ—ಇಷ್ಟನ್ನು ಪ್ರತಿಯೊಂದು ಮನೆಯೂ ವಹಿಸಿಕೊಳ್ಳಲಿ ಎಂಬುದೇ ನನ್ನ ಅರಿಕೆ. ಮನೆಮಾತು ಯಾವುದೇ ಇರಲಿ. ನಮ್ಮ ಅಜ್ಜಿಯವರ ತುಳುವಿನಿಂದ ಕನ್ನಡಕ್ಕೆ ಹಾನಿಯಾಗಲಿಲ್ಲ, ಕನ್ನಡದಿಂದ ಅವರ ತುಳುವಿಗೂ ಆಗಲಿಲ್ಲ. ಭಾಷೆಗಳು ಅಕ್ಕತಂಗಿಯರು. ಅವರನ್ನು ಎದುರುಬದುರಾಗಿ ಚೆನ್ನೆಗೆ ಕುಳ್ಳಿರಿಸಬಾರದು. ಒಂದೇ ಚಾಪೆಯ ಮೇಲೆ ತಾಳಮದ್ದಳೆ ಕೇಳಲು ಕುಳ್ಳಿರಿಸಬೇಕು.