ತಿಂಗಳ ಚೀಟಿ ಹರಿದು ಹಂಚಿಹೋಗುವ ಬಗೆ: ಬೆಂಗಳೂರಿನ ಮನೆಗಳು ಮತ್ತು ಸೂಪರ್‌ಮಾರ್ಕೆಟ್ ಆಯ್ಕೆ

ಬೆಂಗಳೂರಿನ ಮಧ್ಯಮವರ್ಗದ ಮನೆಯೊಂದರಲ್ಲಿ 'ನೀವು ಸಾಮಾನು ತರುವುದು ಎಲ್ಲಿಂದ?' ಎಂದು ಕೇಳಿದರೆ ಒಂದೇ ಅಂಗಡಿಯ ಹೆಸರು ಉತ್ತರವಾಗಿ ಸಿಗುವುದು ಅಪರೂಪ. ಹಾಲು ನಂದಿನಿ ಬೂತಿನಿಂದ, ತರಕಾರಿ ತಳ್ಳುಗಾಡಿಯಿಂದ ಅಥವಾ ಹಾಪ್‌ಕಾಮ್ಸ್‌ನಿಂದ, ಅಕ್ಕಿ ಮೂಟೆ ಪರಿಚಯದ ಅಕ್ಕಿ ಅಂಗಡಿಯಿಂದ, ಎಣ್ಣೆ, ಸೋಪು, ಬಟ್ಟೆಪುಡಿ ಡಿಮಾರ್ಟ್‌ನಿಂದ, ಪೂಜೆಗೆ ಬೇಕಾದ್ದು ಗ್ರಂಧಿಗೆ ಅಂಗಡಿಯಿಂದ, ಒಗ್ಗರಣೆಯ ಹೊತ್ತಿಗೆ ಮುಗಿದುಹೋಗಿದ್ದ ಜೀರಿಗೆ ಮೊಬೈಲಿನಿಂದ. ಇಷ್ಟೂ ಒಂದೇ ಮನೆಯ, ಒಂದೇ ತಿಂಗಳ ಲೆಕ್ಕ. ಹಾಗಾಗಿ 'ಗ್ರಾಹಕರು ಸೂಪರ್‌ಮಾರ್ಕೆಟ್ಟನ್ನು ಹೇಗೆ ಆರಿಸುತ್ತಾರೆ' ಎಂದು ಕೇಳುವುದಕ್ಕಿಂತ 'ತಿಂಗಳ ಚೀಟಿಯ ಯಾವ ಸಾಲು ಯಾವ ಅಂಗಡಿಗೆ ಹೋಗುತ್ತದೆ, ಏಕೆ' ಎಂದು ಕೇಳುವುದು ಸರಿ. ಆಯ್ಕೆಯ ಘಟಕ ಅಂಗಡಿಯಲ್ಲ, ಚೀಟಿಯ ಸಾಲು. ಈ ಲೇಖನದ ವಾದ ಇಷ್ಟೇ.

ವಾದ ಸರಳವೆನಿಸಿದರೂ ನಮ್ಮಲ್ಲಿ ನಡೆಯುವ ಅಧ್ಯಯನಗಳ ರೂಢಿಗೆ ಇದು ಹೊಂದುವುದಿಲ್ಲ. ವಾಣಿಜ್ಯ ಮತ್ತು ನಿರ್ವಹಣಾ ವಿಭಾಗಗಳಿಂದ ವರ್ಷಂಪ್ರತಿ ಬರುವ ಪ್ರಬಂಧಗಳಲ್ಲಿ ಬೆಲೆ, ಗುಣಮಟ್ಟ, ದೂರ, ಸ್ವಚ್ಛತೆ, ಸಿಬ್ಬಂದಿಯ ನಡವಳಿಕೆ ಎಂದು ಪಟ್ಟಿ ಕೊಟ್ಟು, ಐದು ಅಂಕಗಳ ಮಾಪಕದಲ್ಲಿ ಗುರುತು ಹಾಕಿಸುವುದು ವಾಡಿಕೆ. ಎಲ್ಲಕ್ಕೂ ನಾಲ್ಕೋ ಐದೋ ಅಂಕ ಬೀಳುತ್ತದೆ. ಸ್ವಚ್ಛತೆ ಮುಖ್ಯವಲ್ಲ ಎಂದು ಯಾರು ತಾನೆ ಬರೆದುಕೊಟ್ಟಾರು? ಮುಖ್ಯವೆಂದು ಹೇಳಿದ ಗುಣವೇ ಆಯ್ಕೆಯನ್ನು ತೀರ್ಮಾನಿಸಬೇಕೆಂದಿಲ್ಲ. ಎರಡು ಅಂಗಡಿಗಳೂ ಸಮಾನವಾಗಿ ಸ್ವಚ್ಛವಾಗಿದ್ದರೆ ಸ್ವಚ್ಛತೆ ಎಷ್ಟೇ ಮುಖ್ಯವಾದರೂ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಅರ್ನಾಲ್ಡ್, ಓಮ್ ಮತ್ತು ಟೈಗರ್ಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನೇ ಹಿಡಿದು, ಹಲವು ನಗರಗಳ ಆಹಾರದಂಗಡಿಗಳನ್ನು ಹೋಲಿಸಿತು. ಅಲ್ಲಿ ನಿರ್ಣಾಯಕವಾಗಿ ಮೇಲೆದ್ದು ಬಂದವು ಎರಡೇ: ಹೋಗಿಬರುವ ಅನುಕೂಲ ಮತ್ತು ಅಗ್ಗದ ಬೆಲೆ. ಆದರೆ 'ದೂರ' ಮತ್ತು 'ಬೆಲೆ' ಎಂಬ ಈ ಎರಡೂ ನಮ್ಮ ಊರುಗಳಿಗೆ ಬಂದಾಗ ಬೇರೆಯೇ ರೂಪ ತಳೆಯುತ್ತವೆ.

ಮೊದಲು ದೂರ. ಎರಡು ಪಟ್ಟಣಗಳು ನಡುವಣ ಊರಿನ ವ್ಯಾಪಾರವನ್ನು ತಂತಮ್ಮ ಜನಸಂಖ್ಯೆಗೆ ನೇರ ಅನುಪಾತದಲ್ಲಿ, ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಸೆಳೆಯುತ್ತವೆ ಎಂದು ಅಮೆರಿಕದ ವಿಲಿಯಂ ರೀಲಿ 1931ರಲ್ಲಿ ಸೂತ್ರ ಕಟ್ಟಿದ. ಮೂರು ದಶಕಗಳ ಬಳಿಕ ಡೇವಿಡ್ ಹಫ್ ಇದನ್ನು ಸಂಭವನೀಯತೆಯ ಮಾದರಿಯಾಗಿ ತಿದ್ದಿದ. ಅಂಗಡಿಯ ವಿಸ್ತೀರ್ಣವನ್ನು ಪ್ರಯಾಣದ ಸಮಯದ ಯಾವುದೋ ಘಾತದಿಂದ ಭಾಗಿಸಬೇಕು. ಎಲ್ಲ ಅಂಗಡಿಗಳ ಮೊತ್ತದಲ್ಲಿ ಒಂದೊಂದರ ಪಾಲೇ ಆ ಅಂಗಡಿಗೆ ಹೋಗುವ ಸಂಭವ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಇಪ್ಪತ್ತು ನಿಮಿಷ ದೂರದಲ್ಲಿ 30,000 ಚದರ ಅಡಿಯ ಮಳಿಗೆ, ಐದು ನಿಮಿಷ ದೂರದಲ್ಲಿ 3,000 ಚದರ ಅಡಿಯ ಮಳಿಗೆ. ಘಾತ 1 ಎಂದಿಟ್ಟುಕೊಂಡರೆ ದೊಡ್ಡದಕ್ಕೆ ಶೇ. 71ರಷ್ಟು ಸಂಭವ. ಘಾತ 2 ಆದರೆ ಅದು ಶೇ. 38ಕ್ಕೆ ಇಳಿದು, ಚಿಕ್ಕದು ಗೆಲ್ಲುತ್ತದೆ. ಇಡೀ ಫಲಿತಾಂಶ ನಿಂತಿರುವುದು ಆ ಒಂದು ಘಾತದ ಮೇಲೆ, ಅಂದರೆ ದೂರ ಎಷ್ಟು ಬೇಸರ ತರುತ್ತದೆ ಎಂಬುದರ ಮೇಲೆ.

ಬೆಂಗಳೂರಿನಲ್ಲಿ ಈ ಘಾತ ಪ್ರತಿ ಸಾಮಾನಿಗೂ ಬೇರೆ. ಕೊತ್ತಂಬರಿ ಸೊಪ್ಪಿಗಾಗಿ ಯಾರೂ ಇಪ್ಪತ್ತು ನಿಮಿಷ ಹೋಗುವುದಿಲ್ಲ. ತಿಂಗಳಿಗಾಗುವಷ್ಟು ಎಣ್ಣೆ, ಬೇಳೆ, ಶ್ಯಾಂಪೂ ಒಟ್ಟಿಗೆ ತರುವುದಿದ್ದರೆ ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಹೊರಡುತ್ತಾರೆ. ಕಿಲೋಮೀಟರಿಗಿಂತ ರಸ್ತೆಯ ಯಾವ ಬದಿ ಎಂಬುದು ಹೆಚ್ಚು ಮುಖ್ಯ. ಎದುರು ಬದಿಯ ಅಂಗಡಿಗೆ ಹೋಗಲು ಒಂದು ಫ್ಲೈಓವರ್ ಇಳಿದು ಯೂ-ಟರ್ನ್ ತೆಗೆದುಕೊಳ್ಳಬೇಕಾದರೆ ಆ ಅಂಗಡಿ ನಕ್ಷೆಯಲ್ಲಿ ಹತ್ತಿರವಿದ್ದೂ ದೂರವೇ. ಸಾಮಾನು ಸಾಗಿಸುವ ವಾಹನದ ಪ್ರಶ್ನೆಯೂ ಇದೆ. ಅಮೆರಿಕದ ಸೂಪರ್‌ಮಾರ್ಕೆಟ್ ಬೆಳೆದದ್ದು ಕಾರಿನ ಡಿಕ್ಕಿಯನ್ನು ನಂಬಿ. ನಮ್ಮಲ್ಲಿ ಚೀಟಿಯ ಉದ್ದವನ್ನು ಎಷ್ಟೋ ಮನೆಗಳಲ್ಲಿ ನಿರ್ಧರಿಸುವುದು ಸ್ಕೂಟರಿನ ಕಾಲಿಡುವ ಜಾಗ. ಅಲ್ಲಿ ಅಕ್ಕಿ ಮೂಟೆ ಕೂತರೆ ಉಳಿದದ್ದಕ್ಕೆ ಎಡೆಯಿಲ್ಲ. ಹೀಗಾಗಿಯೇ ಅಕ್ಕಿ ಇಂದಿಗೂ ಬಹಳ ಮನೆಗಳಲ್ಲಿ ಸೂಪರ್‌ಮಾರ್ಕೆಟ್ಟಿನ ಚೀಟಿಯಿಂದ ಹೊರಗಿದೆ. ಅಂಗಡಿಯ ಹುಡುಗ ಮೂಟೆ ಹೊತ್ತು ಮೂರನೆಯ ಮಹಡಿಗೆ ತಂದಿಡುತ್ತಾನೆ ಎಂಬ ಸಂಗತಿಗೆ ಹಫ್‌ನ ಸೂತ್ರದಲ್ಲಿ ಜಾಗವಿಲ್ಲ. ಗಿರಾಕಿ ಅಂಗಡಿಗೆ ಹೋಗುತ್ತಾನೆ ಎಂದು ಆ ಸೂತ್ರ ಮೊದಲೇ ಒಪ್ಪಿಕೊಂಡುಬಿಟ್ಟಿದೆ.

ಚೀಟಿ ಉದ್ದವಾದಷ್ಟೂ ಅಗ್ಗದ, ದೂರದ ಅಂಗಡಿ ಆಕರ್ಷಕವಾಗುವುದೇಕೆ ಎಂಬುದಕ್ಕೆ ಬೆಲ್, ಹೋ ಮತ್ತು ಟ್ಯಾಂಗ್ 1998ರಲ್ಲಿ ಕೊಟ್ಟ ವಿವರಣೆ ನಮಗೆ ಹೆಚ್ಚು ಒದಗುತ್ತದೆ. ಅಂಗಡಿಗೆ ಹೋಗಿಬರುವ ಖರ್ಚು ಸ್ಥಿರ. ಕೊಂಡ ಸಾಮಾನಿನ ಖರ್ಚು ಪ್ರಮಾಣಕ್ಕೆ ತಕ್ಕಂತೆ ಏರುವಂಥದ್ದು. ಆಟೊ, ಪಾರ್ಕಿಂಗ್, ಕಳೆದ ಹೊತ್ತು ಎಲ್ಲ ಸೇರಿ ಹೋಗಿಬರಲು 100 ರೂಪಾಯಿ ಎಂದಿಟ್ಟುಕೊಳ್ಳಿ. ಅಲ್ಲಿ ಬೆಲೆ ಶೇ. 8ರಷ್ಟು ಕಡಿಮೆ ಎಂದಿಟ್ಟುಕೊಳ್ಳಿ. ಬಿಲ್ಲು 1,250 ರೂಪಾಯಿ ದಾಟಿದರೆ ಮಾತ್ರ ಲಾಭ. ಅದೇ ವರ್ಷ ಬೆಲ್ ಮತ್ತು ಲ್ಯಾಟಿನ್ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಇದಕ್ಕೆ ಪೂರಕ. ಒಮ್ಮೆಗೇ ಹೆಚ್ಚು ಕೊಳ್ಳುವವರು ದಿನವೂ ಸಮನಾಗಿ ಅಗ್ಗವಿರುವ ಅಂಗಡಿಯನ್ನು ಇಷ್ಟಪಡುತ್ತಾರೆ. ಸ್ವಲ್ಪ ಸ್ವಲ್ಪವೇ ಕೊಳ್ಳುವವರಿಗೆ ಆಗಾಗ ರಿಯಾಯಿತಿ ಕೊಡುವ ಅಂಗಡಿ ಒಗ್ಗುತ್ತದೆ. ಮುಂಬೈನಲ್ಲಿ 2002ರಲ್ಲಿ ಶುರುವಾದ ಡಿಮಾರ್ಟ್ ಇಲ್ಲಿ ಊರಿದ್ದಕ್ಕೂ, ಹಬ್ಬದ ಹಬ್ಬಕ್ಕೆ ಅಬ್ಬರದ ರಿಯಾಯಿತಿ ಸಾರುತ್ತಿದ್ದ ಬಿಗ್ ಬಜಾರ್ 2022ರಲ್ಲಿ ಬಾಗಿಲು ಹಾಕಿದ್ದಕ್ಕೂ ಈ ತರ್ಕವೊಂದನ್ನೇ ಕಾರಣವಾಗಿ ಹೇಳುವುದು ತಪ್ಪಾದೀತು. ಎರಡನೆಯದರ ಹಿಂದೆ ಸಾಲದ ಕಥೆಯೇ ದೊಡ್ಡದು. ಆದರೆ ಮಳಿಗೆಯ ಜಾಗವನ್ನು ಬಹುಪಾಲು ಸ್ವಂತಕ್ಕೆ ಕೊಂಡುಕೊಂಡು, ಬಾಡಿಗೆಯ ಹೊರೆ ಇಳಿಸಿ, ಆ ಉಳಿತಾಯವನ್ನು ಬೆಲೆಯಲ್ಲಿ ಬಿಟ್ಟುಕೊಟ್ಟದ್ದು ಉದ್ದ ಚೀಟಿಯ ಮನೆಗಳನ್ನು ಡಿಮಾರ್ಟ್‌ನತ್ತ ಸೆಳೆದಿದೆ ಎಂಬುದರಲ್ಲಿ ಅನುಮಾನ ಬೇಡ.

ಬೆಲೆಯ ವಿಚಾರ ಇನ್ನೂ ಸ್ವಾರಸ್ಯದ್ದು. ಗ್ರಾಹಕರಿಗೆ ಬೆಲೆ ಚೆನ್ನಾಗಿ ಗೊತ್ತಿರುತ್ತದೆ ಎಂಬ ನಂಬಿಕೆಯನ್ನು ಡಿಕ್ಸನ್ ಮತ್ತು ಸಾಯರ್ 1990ರಲ್ಲಿ ಅಲುಗಾಡಿಸಿದರು. ಸಾಮಾನನ್ನು ತಳ್ಳುಬುಟ್ಟಿಗೆ ಹಾಕಿದ ಮರುಕ್ಷಣವೇ ಕೇಳಿದರೂ ಅಮೆರಿಕದ ಗ್ರಾಹಕರಲ್ಲಿ ಸರಿಯಾದ ಬೆಲೆ ಹೇಳಿದವರು ಅರ್ಧಕ್ಕಿಂತ ಕಡಿಮೆ. ರಿಯಾಯಿತಿಯಲ್ಲಿ ಕೊಂಡವರಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದು ರಿಯಾಯಿತಿಯೆಂದೇ ಗೊತ್ತಿರಲಿಲ್ಲ. ಭಾರತದಲ್ಲಿ ಇದು ಹಾಗೆಯೇ ಮರುಕಳಿಸಲಾರದು. ಕಾರಣ ಪೊಟ್ಟಣದ ಮೇಲಿನ ಎಂಆರ್‌ಪಿ. ಎಲ್ಲ ತೆರಿಗೆ ಸೇರಿ ಗರಿಷ್ಠ ಮಾರಾಟ ಬೆಲೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದು ಕಾನೂನಿನಂತೆ ಕಡ್ಡಾಯ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಹಾಗಾಗಿ ನಮ್ಮ ಗ್ರಾಹಕರಿಗೆ ಬೆಲೆಯ ನೆನಪು ಬೇಕಿಲ್ಲ. 'ಎಂಆರ್‌ಪಿಗಿಂತ ಎಷ್ಟು ಕಮ್ಮಿ?' ಎಂಬ ಒಂದು ಪ್ರಶ್ನೆ ಸಾಕು. ಬಿಲ್ಲಿನ ಕೊನೆಯಲ್ಲಿ 'ನಿಮ್ಮ ಉಳಿತಾಯ ಇಷ್ಟು' ಎಂದು ಅಚ್ಚಾಗುವ ಸಾಲು ಈ ಮನೋಭಾವವನ್ನೇ ಬಳಸಿಕೊಳ್ಳುತ್ತದೆ. ಅಳೆಯುವ ಗೆರೆಯನ್ನು ಎಳೆದದ್ದು ತಯಾರಕನೇ ಎಂಬುದನ್ನು ಮರೆತರೆ ಆ ಉಳಿತಾಯ ನಿಜವೆಂದೇ ತೋರುತ್ತದೆ.

ಬಿಡಿ ಸಾಮಾನಿಗೆ ಈ ಗೆರೆಯೇ ಇಲ್ಲ. ಎರಡು ಅಂಗಡಿಗಳ ತೊಗರಿಬೇಳೆಯನ್ನು ಹೋಲಿಸುವುದು ಹೇಗೆ? ಒಂದು ಬೇಗ ಬೇಯುತ್ತದೆ, ಇನ್ನೊಂದಕ್ಕೆ ಎರಡು ಕೂಗು ಹೆಚ್ಚು ಬೇಕು. ಸೋನಾ ಮಸೂರಿ ಹಳೆಯದೋ ಹೊಸದೋ ಎಂಬುದು ಅನ್ನ ಮಾಡಿದ ಮೇಲೆ ತಿಳಿಯುವ ಸಂಗತಿ. ಬ್ಯಾಡಗಿ ಮೆಣಸಿನಕಾಯಿಯನ್ನು ಬಣ್ಣ ನೋಡಿ, ತೊಟ್ಟು ಮುರಿದು ಆರಿಸುವವರಿಗೆ ಮುಚ್ಚಿದ ಪೊಟ್ಟಣ ಸಮಾಧಾನ ಕೊಡುವುದಿಲ್ಲ. ಇಲ್ಲಿ ಬೆಲೆಯ ಸ್ಥಾನದಲ್ಲಿ ನಂಬಿಕೆ ಕೂರುತ್ತದೆ: 'ಚೆನ್ನಾಗಿಲ್ಲದಿದ್ದರೆ ವಾಪಸ್ ತನ್ನಿ ಅಮ್ಮಾ' ಎನ್ನುವ ಮಾಲೀಕನ ಮೇಲಿನ ನಂಬಿಕೆ. ಪೊಟ್ಟಣದ ಸಾಮಾನು ಸೂಪರ್‌ಮಾರ್ಕೆಟ್ಟಿಗೆ, ಬಿಡಿ ಸಾಮಾನು ದಿನಸಿ ಅಂಗಡಿಗೆ ಎಂದು ಚೀಟಿ ಸೀಳಿಹೋಗುವುದಕ್ಕೆ ಮೂಲ ಕಾರಣ ಇದು. ತೆರಿಗೆಯೂ ಈ ಗಡಿಯನ್ನು ಆಡಿಸುತ್ತದೆ. 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಚೀಟಿ ಅಂಟಿಸಿದ 25 ಕೆ.ಜಿ.ವರೆಗಿನ ಅಕ್ಕಿ-ಬೇಳೆ ಪೊಟ್ಟಣಗಳಿಗೆ ಶೇ. 5 ಜಿಎಸ್‌ಟಿ ಬಂತು. ಬಿಡಿಯಾಗಿ ಅಳೆದುಕೊಟ್ಟದ್ದಕ್ಕೆ ಇಲ್ಲ. ಬಳಿಕ ಮಾರುಕಟ್ಟೆಯಲ್ಲಿ 26 ಕೆ.ಜಿ.ಯ ಅಕ್ಕಿ ಮೂಟೆಗಳು ಕಾಣಿಸಿಕೊಂಡವು. ಒಂದು ಕೆ.ಜಿ. ಹೆಚ್ಚಿಸಿ ತೆರಿಗೆ ತಪ್ಪಿಸಿದ ಆ ಜಾಣತನ ವ್ಯಾಪಾರಿಗಳದ್ದಾದರೂ, ಅಕ್ಕಿಯನ್ನು ಸಣ್ಣ ಪೊಟ್ಟಣದ ಕಪಾಟಿನಿಂದ ದೂರ ಇರಿಸಲು ಅದೂ ನೆರವಾಯಿತು.

ಆದರೆ ಗಡಿ ನಿಂತಲ್ಲಿ ನಿಂತಿಲ್ಲ. 2022-23ರ ರಾಷ್ಟ್ರೀಯ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರವಾಸಿಗಳ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಶೇ. 39.17, ಅದರೊಳಗೆ ಧಾನ್ಯಗಳದ್ದು ಬರೀ ಶೇ. 3.64. ಪಾನೀಯ ಮತ್ತು ಸಂಸ್ಕರಿತ ಆಹಾರದ್ದು ಶೇ. 10.64. ಧಾನ್ಯಗಳ ಪಾಲು 1999-2000ರಲ್ಲಿ ನಗರಗಳಲ್ಲಿ ಸುಮಾರು ಶೇ. 12 ಇತ್ತು. ಅಂದರೆ ಎಂಆರ್‌ಪಿ ಇಲ್ಲದ, ಕಣ್ಣಳತೆಯ, ನಂಬಿಕೆಯ ಸಾಮಾನು ಖರ್ಚಿನಲ್ಲಿ ಕುಗ್ಗುತ್ತಿದೆ. ಬೆಲೆ ಹೋಲಿಸಬಲ್ಲ ಪೊಟ್ಟಣ ಹಿಗ್ಗುತ್ತಿದೆ. ದಿನಸಿ ಅಂಗಡಿಯವರು ತಮ್ಮ ಗಿರಾಕಿಗಳನ್ನು ಸೂಪರ್‌ಮಾರ್ಕೆಟ್ ಕಸಿಯಿತು ಎನ್ನುತ್ತಾರೆ. ಅದಕ್ಕೂ ಮೊದಲು ನಮ್ಮ ಊಟವೇ ಬದಲಾಯಿತು ಎಂಬುದು ನನ್ನ ಅಭಿಪ್ರಾಯ.

ನ್ಯಾಯಬೆಲೆ ಅಂಗಡಿಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಿಪಿಎಲ್ ಕಾರ್ಡಿರುವ ಮನೆಗಳಲ್ಲಿ ಕೊಳ್ಳಬೇಕಾದ ಅಕ್ಕಿ ಕಡಿಮೆಯಾಯಿತು. ಚೀಟಿ ಗಿಡ್ಡವಾಯಿತು. ಗಿಡ್ಡ ಚೀಟಿಗೆ, ಮೇಲಿನ ಲೆಕ್ಕದ ಪ್ರಕಾರ, ಹತ್ತಿರದ ಅಂಗಡಿಯೇ ಲಾಭ. ಅದರ ಜೊತೆಗೆ ಉದ್ರಿ. ಕೂಲಿ ಕೈಗೆ ಬರುವುದು ವಾರಕ್ಕೊಮ್ಮೆ, ಒಲೆ ಉರಿಯಬೇಕಾದ್ದು ದಿನವೂ. ಈ ನಡುವಣ ದಿನಗಳನ್ನು ದಾಟಿಸುವುದು ಅಂಗಡಿಯವನ ಲೆಕ್ಕದ ಪುಸ್ತಕ. ಹತ್ತು ರೂಪಾಯಿಯ ಎಣ್ಣೆ, ಐದು ರೂಪಾಯಿಯ ಸಾಸಿವೆ ಕೊಡುವ ಅಂಗಡಿ ಬೆಲೆಯಲ್ಲಿ ದುಬಾರಿಯಾದರೂ ಬೇರೆ ದಾರಿಯಿಲ್ಲ. ಉದ್ರಿ ಬಾಕಿ ಇರುವಾಗ ಬೇರೆ ಅಂಗಡಿಯ ಚೀಲ ಹಿಡಿದು ಅದೇ ಬೀದಿಯಲ್ಲಿ ನಡೆಯುವುದಕ್ಕೆ ಮುಜುಗರವೂ ಇರುತ್ತದೆ. ಅದನ್ನು ನಿಷ್ಠೆ ಎಂದು ಕರೆಯುವ ಮಾರುಕಟ್ಟೆ ಶಾಸ್ತ್ರ ಅರ್ಧವನ್ನಷ್ಟೇ ಕಂಡಿದೆ.

ಷಿಕಾಗೋದ ಗೃಹಿಣಿಯರನ್ನು ಮಾತಾಡಿಸಿ ಗ್ರೆಗರಿ ಸ್ಟೋನ್ 1954ರಲ್ಲಿ ಬರೆದ ಲೇಖನವೊಂದು ಇಲ್ಲಿ ನೆನಪಾಗುತ್ತದೆ. ಬೆಲೆ ನೋಡುವವರು, ಅಂಗಡಿಯವರ ಪರಿಚಯ ಬಯಸುವವರು, ಸಣ್ಣ ವ್ಯಾಪಾರಿಯನ್ನು ಉಳಿಸಬೇಕೆನ್ನುವವರು, ಕೊಳ್ಳುವ ಕೆಲಸವನ್ನೇ ಇಷ್ಟಪಡದವರು ಎಂದು ಅವನು ನಾಲ್ಕು ಬಗೆ ಮಾಡಿದ. ಬೆಂಗಳೂರಿಗೆ ಹೊಸದಾಗಿ ಬಂದವರಲ್ಲಿ ಪರಿಚಯವನ್ನೇ ಬೇಡದವರ ಐದನೆಯ ಬಗೆಯೊಂದಿದೆ. ಕನ್ನಡ ಬಾರದ ಟೆಕ್ಕಿಗೆ ಯಾರೊಂದಿಗೂ ಮಾತಾಡದೆ ಸಾಮಾನು ಎತ್ತಿಕೊಂಡು ಬರುವುದು ನಿರಾಳ. ಕೌಂಟರಿನಾಚೆಯಿಂದ ಕೇಳಿ ಪಡೆಯಲು ಸಂಕೋಚವಾಗುವ ಸ್ಯಾನಿಟರಿ ನ್ಯಾಪ್‌ಕಿನ್‌ನಂಥ ವಸ್ತುಗಳನ್ನು ಹೆಂಗಸರು ತಾವೇ ಆರಿಸಿಕೊಳ್ಳಬಲ್ಲ ಜಾಗವೂ ಅದು. 1916ರಲ್ಲಿ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಸ್ವಸೇವೆಯ ಅಂಗಡಿ ತೆರೆದದ್ದು ಕೆಲಸಗಾರರ ಖರ್ಚು ಉಳಿಸಲು. ಅದು ಇಲ್ಲಿ ಬಂದು ಕೆಲವರಿಗೆ ಸ್ವಾತಂತ್ರ್ಯವಾಗಿ ಒದಗಿತು. ಇನ್ನು ಕೆಲವರಿಗೆ ಗಾಜಿನ ಬಾಗಿಲು, ಚೀಲ ಕಸಿದು ಟೋಕನ್ ಕೊಡುವ ಕಾವಲುಗಾರ, ಹಿಂದೆಯೇ ಸುಳಿಯುವ ಸಿಬ್ಬಂದಿ ಇವೆಲ್ಲ 'ಇದು ನಿಮ್ಮ ಜಾಗವಲ್ಲ' ಎಂದು ಹೇಳುತ್ತವೆ.

ಊರಿನ ರುಚಿಯೂ ತೀರ್ಪು ಕೊಡುತ್ತದೆ. ಉಡುಪಿ ಕಡೆಯ ಮನೆಗೆ ಕುಚ್ಚಲಕ್ಕಿ, ತೆಂಗಿನೆಣ್ಣೆ; ಧಾರವಾಡದ ಕಡೆಯವರಿಗೆ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ. ಇವು ಸಿಗುವ ಅಂಗಡಿಗೆ ಹೋದವರು ಉಳಿದ ಸಾಮಾನನ್ನೂ ಅಲ್ಲೇ ಕಟ್ಟಿಸಿಕೊಂಡು ಬರುತ್ತಾರೆ. ಒಂದೇ ಸಾಲು ಇಡೀ ಚೀಟಿಯನ್ನು ಎಳೆದೊಯ್ಯುವ ಇಂಥ ಪ್ರಸಂಗಗಳನ್ನು ಸರಾಸರಿ ಅಂಕಗಳು ಹಿಡಿಯುವುದಿಲ್ಲ.

ಬ್ರಿಗೇಡ್ ರಸ್ತೆಯ ನೀಲಗಿರೀಸ್‌ನಿಂದ ಹಿಡಿದು 2011ರಲ್ಲಿ ಇಲ್ಲೇ ಹುಟ್ಟಿದ ಬಿಗ್‌ಬ್ಯಾಸ್ಕೆಟ್‌ವರೆಗೆ ಬೆಂಗಳೂರು ಬಗೆಬಗೆಯ ಪ್ರಯೋಗಗಳನ್ನು ಕಂಡಿದೆ. 2020ರ ಬಳಿಕ ಬಂದ ಹತ್ತು ನಿಮಿಷದ ಸೇವೆಗಳು ಆ ಸಾಲಿಗೆ ಸೇರುವಂಥವಲ್ಲ. ಅವು ದೂರವನ್ನು ಅಳಿಸಿದವು ಎನ್ನುತ್ತಾರೆ. ಅದಕ್ಕಿಂತ ಮುಖ್ಯವಾಗಿ ಅವು ಚೀಟಿಯನ್ನೇ ಅಳಿಸುತ್ತಿವೆ. ಬೇಕೆನಿಸಿದಾಗ ಬೇಕಾದ್ದು ಬರುವುದಾದರೆ ತಿಂಗಳ ಮೊದಲೇ ಕೂತು ಬರೆಯುವ ಅಗತ್ಯವೇನು? ಚೀಟಿಯಿಲ್ಲದ ಮನೆಯಲ್ಲಿ ಬೆಲೆಯ ಹೋಲಿಕೆ ಸಾಲು ಸಾಲಾಗಿ ನಡೆಯುವುದಿಲ್ಲ. ಡೆಲಿವರಿ ಶುಲ್ಕ ತಪ್ಪಿಸಲು ಇನ್ನೊಂದು ಬಿಸ್ಕತ್ತಿನ ಪೊಟ್ಟಣ ಸೇರಿಸುವ ಲೆಕ್ಕವಷ್ಟೇ ನಡೆಯುತ್ತದೆ.

ಈ ಕಾರಣಕ್ಕೆ ಮೈಸೂರು, ಧಾರವಾಡ, ಬೆಂಗಳೂರಿನ ವಿಶ್ವವಿದ್ಯಾಲಯಗಳ ಸಂಶೋಧಕರಲ್ಲಿ ಒಂದು ಕೋರಿಕೆ. ಐದು ಅಂಕಗಳ ಪ್ರಶ್ನಾವಳಿಯನ್ನು ಕೆಲಕಾಲ ಬದಿಗಿಡಿ. ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ಒಂದೊಂದು ಮನೆಯ ಒಂದು ತಿಂಗಳ ಬಿಲ್ಲು, ಕೈಬರಹದ ಚೀಟಿ, ಆ್ಯಪ್‌ಗಳ ಆರ್ಡರ್ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ಓದಿ. ಅಂಗಡಿಯವರು ಒಪ್ಪಿದರೆ ಉದ್ರಿ ಪುಸ್ತಕಗಳನ್ನೂ ಸಂಗ್ರಹಿಸಿ. ಮುಚ್ಚುವ ಪ್ರತಿ ದಿನಸಿ ಅಂಗಡಿಯೊಂದಿಗೆ ಅವು ರದ್ದಿಗೆ ಹೋಗುತ್ತಿವೆ.