ಹೆಸರಿನ ಫಲಕವಿಲ್ಲದ ಬಾಗಿಲು

1975ರ ಜನವರಿಯಲ್ಲಿ ಅಮೆರಿಕದ ಬೆವರ್ಲಿ ಹಿಲ್ಸ್‌ನಲ್ಲಿ ಐವರು ಕೆಲಸ ಕಳೆದುಕೊಂಡರು. ಮೈಕಲ್ ರೋಸೆನ್‌ಫೆಲ್ಡ್, ರೋಲಂಡ್ ಪರ್ಕಿನ್ಸ್, ಬಿಲ್ ಹೇಬರ್, ರಾನ್ ಮೆಯರ್ ಮತ್ತು ಮೈಕಲ್ ಓವಿಟ್ಜ್. ಐವರೂ ವಿಲಿಯಂ ಮಾರಿಸ್ ಏಜೆನ್ಸಿಯ ಟೆಲಿವಿಷನ್ ವಿಭಾಗದ ಏಜೆಂಟರು. ತಾವೇ ಒಂದು ಏಜೆನ್ಸಿ ತೆರೆಯಬೇಕೆಂದು ಅವರು ಒಳಗೊಳಗೇ ಮಾತಾಡಿಕೊಂಡಿದ್ದರು. ಬಂಡವಾಳ ಹೊಂದಿಸುವ ಮೊದಲೇ ಸುದ್ದಿ ಮೇಲಿನವರ ಕಿವಿಗೆ ಬಿತ್ತು. ರಾಜೀನಾಮೆ ಕೊಡುವ ಅವಕಾಶವೂ ಸಿಗಲಿಲ್ಲ, ಅವರನ್ನು ಹೊರಗೆ ಕಳಿಸಲಾಯಿತು. ಕಳಿಸಿದವರು ಇದನ್ನು ದೊಡ್ಡ ನಷ್ಟವೆಂದು ಭಾವಿಸಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹಾಲಿವುಡ್‌ನ ಅಧಿಕಾರದ ಲೆಕ್ಕಾಚಾರವೆಲ್ಲ ಈ ಐವರಿಂದಾಗಿ ಬದಲಾಯಿತು.

ವಿಲಿಯಂ ಮಾರಿಸ್ ಸಣ್ಣ ಸಂಸ್ಥೆಯಲ್ಲ. ಜರ್ಮನಿಯಿಂದ ಬಂದ ಯಹೂದಿ ವಲಸಿಗನೊಬ್ಬ 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಅದನ್ನು ಆರಂಭಿಸಿದ್ದ. ಆಗ ಸಿನಿಮಾ ಇನ್ನೂ ಜಾತ್ರೆಯ ಕೌತುಕ. ಹಾಡು, ಕುಣಿತ, ಹಾಸ್ಯ, ಜಾದೂ ಎಲ್ಲ ಬೆರೆತ ವಾಡೆವಿಲ್ ರಂಗಭೂಮಿಯೇ ಜನರ ಮನರಂಜನೆ. ಕಲಾವಿದನಿಗೆ ರಂಗಮಂದಿರ ಹುಡುಕಿಕೊಡುವುದು, ಅವನ ಪರವಾಗಿ ಸಂಭಾವನೆ ಚೌಕಾಸಿ ಮಾಡುವುದು, ಬಂದದ್ದರಲ್ಲಿ ನೂರಕ್ಕೆ ಹತ್ತು ತೆಗೆದುಕೊಳ್ಳುವುದು: ಏಜೆಂಟನ ಕಸುಬು ಇಷ್ಟೇ. ವಾಡೆವಿಲ್ ಹೋಗಿ ಸಿನಿಮಾ ಬಂತು, ರೇಡಿಯೋ ಬಂತು, ಟೆಲಿವಿಷನ್ ಬಂತು. ಕಸುಬು ಉಳಿಯಿತು. ಆಲ್ ಜೋಲ್ಸನ್‌ನಿಂದ ಮರ್ಲಿನ್ ಮನ್ರೋವರೆಗೆ ಎಷ್ಟೋ ಹೆಸರುಗಳು ಈ ಸಂಸ್ಥೆಯ ಪಟ್ಟಿಯಲ್ಲಿದ್ದವು. 1962ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಒತ್ತಡಕ್ಕೆ ಮಣಿದು ಪ್ರತಿಸ್ಪರ್ಧಿ ಎಂಸಿಎ ತನ್ನ ಏಜೆನ್ಸಿ ವ್ಯವಹಾರವನ್ನೇ ಮುಚ್ಚಿತು. ಆಮೇಲಂತೂ ವಿಲಿಯಂ ಮಾರಿಸ್‌ಗೆ ಎದುರೇ ಇಲ್ಲವೆಂಬಂತಾಯಿತು.

ಎದುರಿಲ್ಲದ ಕಡೆ ಜಡತನ ಬರುವುದು ಸಹಜ. ಆ ಕಚೇರಿಗೆ ಸೇರುವ ಹುಡುಗ ಪದವೀಧರನಾಗಿದ್ದರೂ ಮೊದಲು ಟಪಾಲು ಕೋಣೆಗೆ ಹೋಗಬೇಕು. ಕಾಗದಪತ್ರ ವಿಂಗಡಿಸಬೇಕು, ತಳ್ಳುಗಾಡಿಯಲ್ಲಿ ಮೇಜಿನಿಂದ ಮೇಜಿಗೆ ಹಂಚಬೇಕು, ತಾರೆಯರ ಮನೆಗೆ ಸ್ಕ್ರಿಪ್ಟ್ ತಲುಪಿಸಬೇಕು. ಆಮೇಲೆ ಯಾರಾದರೊಬ್ಬ ಏಜೆಂಟನ ಸಹಾಯಕನಾಗಬೇಕು. ಇದು ಒಳ್ಳೆಯ ಪಾಠಶಾಲೆಯೂ ಹೌದು. ಯಾವ ಕಾಗದ ಯಾರಿಗೆ ಹೋಗುತ್ತದೆ ಎಂದು ಗೊತ್ತಾದವನಿಗೆ ಅಧಿಕಾರ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಡೇವಿಡ್ ಗೆಫೆನ್, ಬ್ಯಾರಿ ಡಿಲ್ಲರ್‌ರಂಥವರು ಅಲ್ಲೇ ಕಲಿತು ಹೊರಬಂದವರು. ಓವಿಟ್ಜ್ ಕೂಡ ಅಲ್ಲಿಂದಲೇ ಶುರು ಮಾಡಿದವನು.

ಆದರೆ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ಜಾಗವಿರಲಿಲ್ಲ. 1912ರಲ್ಲಿ ಆಫೀಸ್ ಹುಡುಗನಾಗಿ ಸೇರಿದ್ದ ಏಬ್ ಲಾಸ್ಟ್‌ಫೋಗೆಲ್ 1969ರವರೆಗೂ ಚುಕ್ಕಾಣಿ ಹಿಡಿದಿದ್ದರು. ಅವರ ನಂತರ ಬಂದವರೂ ಅವರದೇ ಕಾಲದ ಹಿರಿಯರು. ಅಲ್ಲಿ ನಿಷ್ಠೆಯೇ ಬಂಡವಾಳ. ಕಾಯುವುದೇ ಬಡ್ತಿಯ ದಾರಿ. ಸಂಸ್ಥೆಗೆ ನಿಜವಾದ ಆದಾಯ ತರುತ್ತಿದ್ದುದು ಟೆಲಿವಿಷನ್ ವಿಭಾಗ, ಮೆರುಗೆಲ್ಲ ಸಿನಿಮಾ ವಿಭಾಗಕ್ಕೆ. ದುಡಿಯುವವರು ಒಂದು ಕಡೆ, ಹಾರ ಬೀಳುವುದು ಇನ್ನೊಂದು ಕಡೆ.

ಇಷ್ಟಾದರೂ ಆ ಐವರು ಇನ್ನೂ ಕೆಲವು ವರ್ಷ ತಾಳಿಕೊಂಡಿರುತ್ತಿದ್ದರೋ ಏನೋ. ಅವರ ಮನಸ್ಸು ಮುರಿದದ್ದು ಬೇರೆಯವರಿಗಾದ ಅವಮಾನದಿಂದ. ಫಿಲ್ ವೆಲ್ಟ್‌ಮನ್ ಟೆಲಿವಿಷನ್ ವಿಭಾಗದ ಹಿರಿಯ, ಎರಡನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವರು, ಶಿಸ್ತಿಗೆ ಹೆಸರಾದವರು. ಹುಡುಗರನ್ನು ಗದರಿಸಿ, ತಿದ್ದಿ, ಕೆಲಸ ಕಲಿಸಿದವರು. ಹಲವು ದಶಕ ಅದೇ ಸಂಸ್ಥೆಯಲ್ಲಿ ಸವೆದಿದ್ದ ಅವರಿಗೆ ಇನ್ನು ನಿಮ್ಮ ಅಗತ್ಯವಿಲ್ಲ ಎಂದು ಹೇಳಲಾಯಿತು. ಹೇಳಿದವರು ಅವರ ಹಳೆಯ ಗೆಳೆಯ, ಸಂಸ್ಥೆಯ ಹಿರಿಯ ಅಧಿಕಾರಿ ಸ್ಯಾಮ್ ವೈಸ್‌ಬೋರ್ಡ್.

ಇದನ್ನು ನೋಡಿದ ಕಿರಿಯರಿಗೆ ಲೆಕ್ಕ ಸ್ಪಷ್ಟವಾಯಿತು. ಕಡಿಮೆ ಸಂಬಳ, ತಡವಾದ ಬಡ್ತಿ ಇವನ್ನು ಮನುಷ್ಯ ಸಹಿಸುವುದು ಮುಂದೊಂದು ದಿನ ತನ್ನ ಸರದಿ ಬರುತ್ತದೆಂಬ ನಂಬಿಕೆಯಿಂದ. ಸರದಿ ಬಂದವರಿಗೂ ಗತಿ ಇದೇ ಎಂದಾದರೆ ಕಾಯುವುದು ಯಾತಕ್ಕೆ? ನಿಷ್ಠೆಯನ್ನು ಕೇಳುವ ಸಂಸ್ಥೆ ಅದನ್ನು ಹಿಂದಿರುಗಿಸುವುದಿಲ್ಲವೆಂದು ವೆಲ್ಟ್‌ಮನ್‌ರ ಖಾಲಿ ಕೋಣೆ ದಿನವೂ ಹೇಳುತ್ತಿತ್ತು.

ಹೊಸ ಸಂಸ್ಥೆಯ ಹೆಸರು ಕ್ರಿಯೇಟಿವ್ ಆರ್ಟಿಸ್ಟ್ಸ್ ಏಜೆನ್ಸಿ, ಎಲ್ಲರ ಬಾಯಲ್ಲಿ ಸಿಎಎ. ಬ್ಯಾಂಕಿನಿಂದ 21,000 ಡಾಲರ್ ಸಾಲ, ಬಾಡಿಗೆಯ ಸಣ್ಣ ಕಚೇರಿ, ಇಸ್ಪೀಟಾಡುವ ಮಡಚು ಮೇಜುಗಳು. ಫೋನ್ ಎತ್ತಲು ಸಂಬಳ ಕೊಟ್ಟು ಯಾರನ್ನೂ ಇಟ್ಟುಕೊಳ್ಳುವ ಶಕ್ತಿಯಿರಲಿಲ್ಲ. ಐವರ ಹೆಂಡತಿಯರು ಸರದಿಯ ಮೇಲೆ ಬಂದು ಆ ಕೆಲಸ ಮಾಡಿದರು. ಕೆಲಸಕ್ಕೆ ತಕ್ಕ ಬೆಲೆಯಿಲ್ಲ ಎಂದು ಹೊರಬಂದವರ ಕಚೇರಿ ನಿಂತದ್ದು ಬೆಲೆಯೇ ಕಟ್ಟದ ಕೆಲಸದ ಮೇಲೆ. ಸ್ಥಾಪಕರ ಪಟ್ಟಿ ಹೇಳುವಾಗ ಆ ಐವರು ಹೆಂಗಸರ ಹೆಸರು ಯಾರೂ ಹೇಳುವುದಿಲ್ಲ.

ಹಳೆಯ ಮನೆಯಲ್ಲಿ ನೋವಾದ ಒಂದೊಂದು ಜಾಗಕ್ಕೂ ಇಲ್ಲಿ ಒಂದೊಂದು ನಿಯಮ ಹುಟ್ಟಿತು. ಬಾಗಿಲ ಮೇಲೆ ಹೆಸರಿನ ಫಲಕವಿಲ್ಲ. ಹುದ್ದೆಯ ಪದವಿಗಳಿಲ್ಲ. ಇವನ ಕಲಾವಿದ, ಅವನ ಕಲಾವಿದ ಎಂಬ ಪಟ್ಟಿಯಿಲ್ಲ, ಎಲ್ಲರೂ ಎಲ್ಲರವರು. ಬಂದದ್ದು ಸಮಪಾಲು. ಬಂದ ಪ್ರತಿ ಫೋನಿಗೂ ತಡಮಾಡದೆ ಮರಳಿ ಕರೆ. ಈ ನಿಯಮಗಳು ಬರೀ ಆದರ್ಶವಲ್ಲ, ವ್ಯಾಪಾರದ ಜಾಣತನವೂ ಆಗಿದ್ದವು. ಬೇರೆ ಕಡೆ ನಟನಿಗೆ ಒಬ್ಬ ಏಜೆಂಟ್ ಸಿಕ್ಕರೆ ಇಲ್ಲಿ ಇಡೀ ಕಚೇರಿಯೇ ಸಿಗುತ್ತಿತ್ತು. ಲೇಖಕ, ನಿರ್ದೇಶಕ, ನಟ ಮೂವರನ್ನೂ ಒಟ್ಟುಗೂಡಿಸಿ ಸ್ಟುಡಿಯೋ ಮುಂದಿಡುವ ಪದ್ಧತಿಗೆ ಪ್ಯಾಕೇಜ್ ಎಂದು ಹೆಸರು. ಟೆಲಿವಿಷನ್‌ನಲ್ಲಿ ಹಿಂದಿನಿಂದಲೂ ಇದ್ದ ಈ ಪದ್ಧತಿಯನ್ನು ಅವರು ಸಿನಿಮಾದಲ್ಲಿ ದೊಡ್ಡದಾಗಿ ಬಳಸಿದರು. ‘ಟೂಟ್ಸಿ’, ‘ಘೋಸ್ಟ್‌ಬಸ್ಟರ್ಸ್’, ‘ರೇನ್ ಮ್ಯಾನ್’ ಹೀಗೆ ಬಂದವು. ಇತ್ತ ವಿಲಿಯಂ ಮಾರಿಸ್‌ನಲ್ಲಿ ಸಿನಿಮಾ ವಿಭಾಗದ ಆಧಾರಸ್ತಂಭವಾಗಿದ್ದ ಸ್ಟಾನ್ ಕಾಮೆನ್ 1986ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನ ಸ್ನೇಹದ ಮೇಲೆ ನಿಂತಿದ್ದ ಪಟ್ಟಿ ಅವರ ಹಿಂದೆಯೇ ಕರಗತೊಡಗಿತು. ಕಟ್ಟಡ, ಹೆಸರು, ಪರಂಪರೆ ಎಲ್ಲ ಇದ್ದವು, ತಾರೆಯರು ಮಾತ್ರ ಒಬ್ಬೊಬ್ಬರಾಗಿ ಎದ್ದು ಹೋದರು.

ಏಜೆನ್ಸಿಯೆಂಬ ವ್ಯಾಪಾರದ ಗುಟ್ಟೂ ಕಷ್ಟವೂ ಇಲ್ಲಿದೆ. ಅದಕ್ಕೆ ಯಂತ್ರವಿಲ್ಲ, ಗೋದಾಮಿಲ್ಲ. ಅದರ ಆಸ್ತಿ ಸಂಜೆ ಕೋಟು ಹಾಕಿಕೊಂಡು ಮನೆಗೆ ಹೋಗುತ್ತದೆ. ಮರುದಿನ ಅದು ವಾಪಸು ಬರುವುದೋ ಇಲ್ಲವೋ ಎಂಬುದು ಅದನ್ನು ಹೇಗೆ ನಡೆಸಿಕೊಂಡಿರಿ ಎಂಬುದರ ಮೇಲೆ ನಿಂತಿದೆ.

ಹಾಗಾದರೆ ನೋವುಂಡು ಬಂದವರು ಬೇರೆ ಬಗೆಯ ಮನೆ ಕಟ್ಟಿದರೇ? ಕೆಲವು ವರ್ಷಗಳ ಮಟ್ಟಿಗೆ ಹೌದು. ಆಮೇಲೆ ಸಮಪಾಲು ಉಳಿಯಲಿಲ್ಲ. ರೋಸೆನ್‌ಫೆಲ್ಡ್ ಹೊರನಡೆದರು, ಪರ್ಕಿನ್ಸ್ ಬದಿಗೆ ಸರಿದರು, ಒಡೆತನ ಮೂವರ ಕೈಗೆ ಬಂತು. ಅದರಲ್ಲೂ ಹೆಚ್ಚಿನ ಪಾಲು ಓವಿಟ್ಜ್‌ನದು. 1989ರಲ್ಲಿ ಹೆಸರಾಂತ ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸಗೊಳಿಸಿದ ಭವ್ಯ ಕಟ್ಟಡ ಸಿದ್ಧವಾಯಿತು. ಅದೇ ಹೊತ್ತಿಗೆ ಸೋನಿ ಕೊಲಂಬಿಯಾ ಸ್ಟುಡಿಯೋವನ್ನು, ಮರುವರ್ಷ ಮತ್ಸುಶಿತಾ ಎಂಸಿಎಯನ್ನು ಕೊಂಡಾಗ ಮಧ್ಯಸ್ಥಿಕೆಯಲ್ಲಿ ಓವಿಟ್ಜ್‌ನ ಹೆಸರಿತ್ತು. ಪತ್ರಿಕೆಗಳು ಅವನನ್ನು ಹಾಲಿವುಡ್‌ನ ಅತ್ಯಂತ ಬಲಶಾಲಿ ಎಂದು ಕರೆದವು. ಬಾಗಿಲ ಮೇಲೆ ಫಲಕವಿರಲಿಲ್ಲ ನಿಜ, ಆದರೆ ಮನೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು.

1995ರಲ್ಲಿ ಎಂಸಿಎ ಸ್ಟುಡಿಯೋದ ಮುಖ್ಯಸ್ಥನಾಗಲು ಓವಿಟ್ಜ್ ನಡೆಸಿದ ಮಾತುಕತೆ ಮುರಿಯಿತು. ಆ ಕುರ್ಚಿಯಲ್ಲಿ ಹೋಗಿ ಕುಳಿತವನು ಇಪ್ಪತ್ತು ವರ್ಷ ಅವನ ಜತೆಗಾರನಾಗಿದ್ದ ರಾನ್ ಮೆಯರ್. ಓವಿಟ್ಜ್ ಡಿಸ್ನಿಯ ಅಧ್ಯಕ್ಷನಾಗಿ ಹೋದ, ಸುಮಾರು ಒಂದು ವರ್ಷದಲ್ಲೇ ಅಲ್ಲಿಂದ ತೆಗೆದುಹಾಕಲ್ಪಟ್ಟ. ಕೈಗೆ ಬಂದ ಪರಿಹಾರ ಸುಮಾರು 14 ಕೋಟಿ ಡಾಲರ್. ಹಲವು ದಶಕ ದುಡಿದ ವೆಲ್ಟ್‌ಮನ್‌ರನ್ನು ಕಳಿಸಿದ ರೀತಿಗೂ ಈ ಬೀಳ್ಕೊಡುಗೆಗೂ ನಡುವೆ ಇರುವ ಅಂತರವೇ ಆ ಉದ್ಯಮದ ಇಪ್ಪತ್ತು ವರ್ಷಗಳ ಕಥೆ. ಸಿಎಎ ಕಿರಿಯ ಏಜೆಂಟರ ಕೈಗೆ ಹೋಯಿತು.

ಅದೇ 1995ರಲ್ಲಿ ಇನ್ನೊಂದು ದೊಡ್ಡ ಏಜೆನ್ಸಿಯಾದ ಐಸಿಎಂನಲ್ಲಿ ಹಳೆಯ ನಾಟಕ ಹೊಸ ಪಾತ್ರಧಾರಿಗಳೊಂದಿಗೆ ನಡೆಯಿತು. ಆರಿ ಇಮ್ಯಾನ್ಯುಯಲ್ ಮತ್ತು ಮೂವರು ಹೊರಬಿದ್ದು ಎಂಡೆವರ್ ಕಟ್ಟಿದರು. 2009ರಲ್ಲಿ ವಿಲಿಯಂ ಮಾರಿಸ್ ಇದೇ ಎಂಡೆವರ್ ಜೊತೆ ವಿಲೀನವಾಯಿತು. ಹೆಸರಿನಲ್ಲಿ ಮಾರಿಸ್ ಮೊದಲು ಬಂದರೂ ಲಗಾಮು ಎಂಡೆವರ್‌ನವರ ಕೈಯಲ್ಲಿತ್ತು. 2022ರಲ್ಲಿ ಐಸಿಎಂ ಅನ್ನು ಸಿಎಎ ಕೊಂಡಿತು. ಜನರನ್ನು ಕಳೆದುಕೊಂಡ ಎರಡು ಹಳೆಯ ಮನೆಗಳೂ, ಹೀಗೆ ಸಿಡಿದು ಹೋದವರು ಕಟ್ಟಿದ ಮನೆಗಳಲ್ಲೇ ಕರಗಿದವು.

ಅಷ್ಟರಲ್ಲಿ ದೂರುವ ಸರದಿ ಲೇಖಕರಿಗೆ ಬಂದಿತ್ತು. ಪ್ಯಾಕೇಜ್ ಪದ್ಧತಿಯಲ್ಲಿ ಏಜೆನ್ಸಿಗೆ ಹಣ ಬರುತ್ತಿದ್ದುದು ಲೇಖಕನ ಸಂಭಾವನೆಯಿಂದಲ್ಲ, ಕಾರ್ಯಕ್ರಮ ತಯಾರಿಸುವವರಿಂದ. ಹಾಗಾದಾಗ ಲೇಖಕನಿಗೆ ಹೆಚ್ಚು ಕೊಡಿಸುವ ಗರಜು ಏಜೆಂಟನಿಗೆ ಏಕಿರಬೇಕು? 2019ರ ಏಪ್ರಿಲ್‌ನಲ್ಲಿ ರೈಟರ್ಸ್ ಗಿಲ್ಡ್‌ನ ಸಾವಿರಾರು ಲೇಖಕರು ತಮ್ಮ ಏಜೆಂಟರನ್ನು ಒಟ್ಟಿಗೇ ಕೈಬಿಟ್ಟರು. ಸಿಎಎ 2020ರ ಕೊನೆಗೆ, ವಿಲಿಯಂ ಮಾರಿಸ್ ಎಂಡೆವರ್ 2021ರ ಆರಂಭಕ್ಕೆ ಅವರ ಷರತ್ತಿಗೆ ಒಪ್ಪಿದವು.

ಈ ಸರಣಿಯಲ್ಲಿ ಒಬ್ಬ ಖಳನಾಯಕನನ್ನು ಹುಡುಕಿದರೆ ಸಿಗುವುದಿಲ್ಲ. ವೈಸ್‌ಬೋರ್ಡ್ ಕೂಡ ಸಂಸ್ಥೆಗಾಗಿಯೇ ಬದುಕು ಸವೆಸಿದವರು. ತಾವು ಕಾದಂತೆ ಎಲ್ಲರೂ ಕಾಯಲಿ ಎಂದುಕೊಂಡದ್ದೇ ಅವರ ತಲೆಮಾರಿನ ತಪ್ಪು. ತಾವು ಗೆದ್ದಿದ್ದೇವೆ, ಇನ್ನು ಯಾರಿಗೂ ನೋವಿರಲಾರದು ಎಂದುಕೊಂಡದ್ದು ಮುಂದಿನವರ ತಪ್ಪು. ಕಡೆಗಣಿಸಲ್ಪಟ್ಟ ನೆನಪು ಮನುಷ್ಯನನ್ನು ಹೊರನಡೆಯುವಂತೆ ಮಾಡುತ್ತದೆ. ನಾಳೆ ತನ್ನದೇ ಕಚೇರಿಯಲ್ಲಿ ತಳ್ಳುಗಾಡಿ ನೂಕುವ ಹುಡುಗನ ಮುಖ ನೋಡುವ ಅಭ್ಯಾಸವನ್ನು ಆ ನೆನಪು ಕಲಿಸುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಯಬೇಕು.